ನಲವತ್ತೆರಡು ಇಂಚಿನ ಗರಡಿ

ಎಲ್ಲ ಶುರುವಾದದ್ದು ಒಂದು ಬೆವರ ಹನಿಯಿಂದ. ಅದು ನಿಜವಾದ ಮನುಷ್ಯರ ಬೆವರೂ ಅಲ್ಲ. ಹೊಳೆನರಸೀಪುರದ ಪೇಟೆಬೀದಿಯಲ್ಲಿರುವ ಕೃಷ್ಣಪ್ಪನವರ ಟಿವಿ ಅಂಗಡಿಯಲ್ಲಿ, ನಲವತ್ತೆರಡು ಇಂಚಿನ ಹೊಸ ಟಿವಿಯೊಳಗೆ ಕಾದಾಡುತ್ತಿದ್ದ ವಿಡಿಯೋ ಗೇಮಿನ ಜಟ್ಟಿಯೊಬ್ಬನ ಬೆವರು. ಅದು ಅವನ ಕತ್ತಿನ ಬುಡದಲ್ಲಿ ಹುಟ್ಟಿ, ಬೆನ್ನಿನ ಗುಂಟ ನಿಧಾನವಾಗಿ ಇಳಿದು, ಸೊಂಟದ ಹತ್ತಿರ ಚಡ್ಡಿಯೊಳಗೆ ಇಂಗಿಹೋಯಿತು.

ಹಾಸನದಿಂದ ಆಗತಾನೆ ಬಂದ ಕೃಷ್ಣಪ್ಪನವರು ಅದನ್ನು ಕಣ್ಣಾರೆ ಕಂಡರು. ಕಂಡವರು ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತೇಬಿಟ್ಟರು.

"ಐನೋರೇ, ಬೆವ್ರು ಇಳೀತಾ ಐತಲ್ರೀ!"

ಐನೋರು ಎಂದರೆ ಯೋಗಾನರಸಿಂಹ, ಅಂಗಡಿಯ ಹಳೆಯ ಸೇಲ್ಸ್‌ಮನ್. ಯಜಮಾನರು ಇಷ್ಟು ಬೇಗ ಬಂದಾರೆಂದು ಅವನು ಎಣಿಸಿರಲಿಲ್ಲ. ಆಟದ ರಿಮೋಟು ಕೈಯಿಂದ ಜಾರಿ ಕಾಲಿನ ಮೇಲೆ ಬಿತ್ತು. ಹಾಸನದ ಡೀಲರು ಪ್ರದರ್ಶನಕ್ಕೆಂದು ಈ ಆಟದ ಪೆಟ್ಟಿಗೆಯನ್ನು ಕಳಿಸಿಕೊಟ್ಟಾಗ, ಗಿರಾಕಿಗಳಿಗೆ ತೋರಿಸಲು ಯಾರಾದರೊಬ್ಬರು ಕಲಿಯಬೇಕಲ್ಲ ಎಂದು ಯಜಮಾನರೇ ಅದನ್ನು ಅವನ ತಲೆಗೆ ಕಟ್ಟಿದ್ದರು. ಜಿರಲೆ ಕಂಡರೆ ಸ್ಟೂಲು ಹತ್ತುವ ಆಸಾಮಿ. ಆದರೆ ಆ ರಿಮೋಟು ಹಿಡಿದನೆಂದರೆ ಬೇರೆಯೇ ಮನುಷ್ಯ. ಗುದ್ದಿದರೆ ಎದುರಾಳಿಯ ಹುಬ್ಬು ಊದಿಕೊಳ್ಳುತ್ತಿತ್ತು, ಒದ್ದರೆ ಪಕ್ಕೆ ಕೆಂಪೇರುತ್ತಿತ್ತು. ಸುಸ್ತಾದ ಜಟ್ಟಿ ಬಾಯಿ ತೆರೆದು ಉಸಿರೆಳೆಯುವುದನ್ನು ನೋಡಿದರೆ ನಮಗೇ ಒಂದು ಲೋಟ ನೀರು ಕೊಡೋಣ ಅನ್ನಿಸಬೇಕು, ಅಷ್ಟು ನಿಜ.

"ಗುದ್ರಿ ನೋಡಾನ ಇನ್ನೊಂದ್ಸಲ," ಎಂದರು ಕೃಷ್ಣಪ್ಪನವರು.

ಯೋಗಾನರಸಿಂಹ ಗುದ್ದಿದ. ಎದುರಾಳಿಯ ಕೆನ್ನೆ ಅಲುಗಿತು, ತಲೆ ಹಿಂದಕ್ಕೆ ಹೋಯಿತು, ಮತ್ತೊಂದಿಷ್ಟು ಬೆವರು ದೀಪದ ಬೆಳಕಿನಲ್ಲಿ ಚಿಮ್ಮಿತು. ಕೃಷ್ಣಪ್ಪನವರ ಕಣ್ಣಿನಲ್ಲಿ ನೀರಾಡಿತು. ವಯಸ್ಸಿನಲ್ಲಿ ಅವರು ಹಾಸನದ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಕುಸ್ತಿ ಆಡಿದವರು. ಮುದುಡಿಹೋದ ಅವರ ಎರಡು ಕಿವಿಗಳೇ ಅದಕ್ಕೆ ಸಾಕ್ಷಿ. ಮಂಡಿ ಉಳುಕಿದ ಮೇಲೆ ಕಟ್ಟಾಯದ ಕಡೆಯ ಜಮೀನು ನೋಡಿಕೊಂಡು, ಆಮೇಲೆ ಈ ಅಂಗಡಿ ಇಟ್ಟರು. ಟಿವಿಯನ್ನು ಇಷ್ಟು ವರ್ಷ ಮಾರುವ ಸಾಮಾನು ಎಂದೇ ನೋಡಿದ್ದ ಅವರು ಇವತ್ತು ಮೊದಲ ಸಲ ಅದರ ಮುಂದೆ ಕೈ ಮುಗಿದರು. ಆಮೇಲೆ ತಿರುಗಿ ನೋಡಿ ಗದರಿದರು.

"ಯಾರ್ಲಾ ಅದು ಚಪ್ಲಿ ಆಕ್ಕಂಡ್ ನಿಂತಿರಾದು? ಗರಡಿ ಮುಂದೆ ಚಪ್ಲಿನಾ? ಬಿಡ್ರಲಾ ಆಚೆ!"

ಪಕ್ಕದ ಟೀ ಅಂಗಡಿಯ ಲಕ್ಕಯ್ಯ, ಕೈಯಲ್ಲಿ ಟೀ ತಟ್ಟೆ ಹಿಡಿದವನು, ಬೆದರಿ ಚಪ್ಪಲಿ ಬಿಟ್ಟ. ಬಾಗಿಲ ಹತ್ತಿರ ಹೂವು ಮಾರುವ ಮುದ್ದಮ್ಮನಿಗೆ ಚಪ್ಪಲಿಯೇ ಇರಲಿಲ್ಲ. ಅವಳು ಸೀದಾ ಮುಂದೆ ಬಂದು ನೆಲದ ಮೇಲೆ ಕುಳಿತಳು.

ಕೃಷ್ಣಪ್ಪನವರು ಆ ದಿನ ಬಂದದ್ದು ಬೇರೊಂದು ಕೆಲಸಕ್ಕೆ. ಸೋಮವಾರ ಅರಕಲಗೂಡಿನಲ್ಲಿ ಹೊಸ ಅಂಗಡಿ ತೆರೆಯುವುದಿತ್ತು. ಅದನ್ನು ನೋಡಿಕೊಳ್ಳಲು ಇಲ್ಲಿಂದ ಒಬ್ಬರು ಹೋಗಬೇಕು. ಇರುವುದೇ ಇಬ್ಬರು, ಯೋಗಾನರಸಿಂಹ ಮತ್ತು ಸ್ನೇಹಲತಾ. ಸ್ನೇಹಲತಾ ಮೂರು ವರ್ಷದ ಕೆಳಗೆ ಸೇರಿದ ಹುಡುಗಿ, ಫ್ರಿಜ್ಜು ಕೇಳಲು ಬಂದವರಿಗೆ ವಾಷಿಂಗ್ ಮೆಷಿನ್ನೂ ಸೇರಿಸಿ ಮಾರಿ ಕಳಿಸುವಷ್ಟು ಚುರುಕು. ಜಿರಲೆ ಹೊಡೆಯುವುದೂ ಅವಳೇ.

ಅರಕಲಗೂಡು ಎಂಬ ಮಾತು ಕೇಳಿದಾಗಿನಿಂದ ಯೋಗಾನರಸಿಂಹನಿಗೆ ಊಟ ಸೇರುತ್ತಿರಲಿಲ್ಲ. ಊರಿನ ಮೇಲೆ ಅವನಿಗೇನೂ ಸಿಟ್ಟಿಲ್ಲ. ವಿಷಯ ಮಧ್ಯಾಹ್ನದ್ದು. ಅವನ ಮನೆ ತುಂಬ ಜನ: ಅಪ್ಪ, ಅಮ್ಮ, ಇಬ್ಬರು ತಮ್ಮಂದಿರು, ಅವರ ಹೆಂಡತಿ ಮಕ್ಕಳು. ಬೆಳಿಗ್ಗೆ ಬಚ್ಚಲಿಗೆ ಸರದಿ, ರಾತ್ರಿ ಹಾಸಿಗೆಗೆ ಸರದಿ. ಮಧ್ಯಾಹ್ನ ಅವನು ಊಟಕ್ಕೆ ಹೋಗುವ ಹೊತ್ತಿಗೆ ದೊಡ್ಡವರು ಮಲಗಿರುತ್ತಿದ್ದರು, ಮಕ್ಕಳು ಸ್ಕೂಲಿನಲ್ಲಿ. ಊಟ ಮಾಡಿ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಅವನೂ ಹೆಂಡತಿ ಕನಕಲಕ್ಷ್ಮಿಯೂ ಅರ್ಧ ಗಂಟೆ ಕೂರುವರು. ಅವಳು ಏನೇನೋ ಹೇಳುವಳು, ಇವನು ಹ್ಞೂಂಗುಟ್ಟುವನು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಬ್ಬರಿಗೇ ಎಂದು ಸಿಕ್ಕಿದ್ದು ಅದೊಂದೇ ಹೊತ್ತು. ಅರಕಲಗೂಡಿಗೆ ಹೋದರೆ ಬೆಳಗಿನ ಜಾವದ ಬಸ್ಸು, ರಾತ್ರಿಯ ಬಸ್ಸು, ನಡುವೆ ಡಬ್ಬಿಯ ಮೊಸರನ್ನ. ಆ ಕಲ್ಲು ಹೋಯಿತು. ಅದನ್ನು ನೆನೆಸಿಕೊಂಡರೆ ಅವನಿಗೆ ಅಳುವೇ ಬರುತ್ತಿತ್ತು.

"ನಂಗೂ ದಾರೀಲಿ ಬರ್ತಾ ಅದೇ ಯೋಚ್ನೆ," ಎಂದರು ಕೃಷ್ಣಪ್ಪನವರು, ಟಿವಿಯ ಮೇಲಿಂದ ಕಣ್ಣು ಕೀಳದೆ. "ಐನೋರ್ನ ಕಳ್ಸಾನ ಅಂದ್ರೆ ಈವಮ್ಮ ಐತೆ, ಈವಮ್ಮನ್ನ ಕಳ್ಸಾನ ಅಂದ್ರೆ ಐನೋರವ್ರೆ. ಈಗ ದೇವ್ರೇ ದಾರಿ ತೋರಿಸ್ದ. ಇಬ್ರೂ ಆಡ್ರಿ. ಅರಕಲಗೂಡಿನ್ ಇಸ್ಯ ಗರಡಿ ಲೆಕ್ಕದಾಗೇ ತೀರ್ಮಾನ ಆಗೋಗ್ಲಿ."

ಯೋಗಾನರಸಿಂಹನಿಗೆ ಹೋದ ಜೀವ ಬಂದಂತಾಯಿತು. ಅವನು ಎರಡು ವಾರ ಪಳಗಿದ್ದ ಆಟ. ಸ್ನೇಹಲತಾ ಆ ರಿಮೋಟನ್ನು ಧೂಳು ಒರೆಸುವುದಕ್ಕೆ ಬಿಟ್ಟರೆ ಮುಟ್ಟಿದವಳಲ್ಲ. ದೇವರು ಇಷ್ಟು ಸಲೀಸಾಗಿ ಒಲಿಯುವುದು ಅವನಿಗೆ ಅಭ್ಯಾಸವಿರಲಿಲ್ಲ. ಒಳಗೊಳಗೇ ಹಿಗ್ಗುತ್ತ, ಹೊರಗೆ ಗಂಭೀರನಾಗಿ, "ನನ್ನದೇನೂ ಅಭ್ಯಂತರ ಇಲ್ಲ ಯಜಮಾನ್ರೇ. ಸ್ನೇಹಲತಾಗೆ ಒಪ್ಪಿಗೆ ಇದ್ರೆ..." ಎಂದ.

"ನಂಗೆ ಒಪ್ಗೆ," ಎಂದಳು ಸ್ನೇಹಲತಾ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟುತ್ತ.

ಕೃಷ್ಣಪ್ಪನವರು ಎರಡೂ ರಿಮೋಟಿಗೆ ಕುಂಕುಮ ಹಚ್ಚಿದರು. ಮುದ್ದಮ್ಮ ಟಿವಿಯ ಮೇಲೆ ಒಂದು ಮೊಳ ಸೇವಂತಿಗೆ ಇಟ್ಟಳು. ಸುದ್ದಿ ಅಷ್ಟರಲ್ಲಿ ಬೀದಿಗೆ ಹರಡಿ, ಬಾಗಿಲ ಹೊರಗೆ ಚಪ್ಪಲಿಗಳ ರಾಶಿಯೇ ಬಿತ್ತು.

ಗಂಟೆ ಬಾರಿಸಿತು. ಯೋಗಾನರಸಿಂಹನ ಬಿಳಿ ಚಡ್ಡಿಯ ಜಟ್ಟಿ ಲಕ್ಷಣವಾಗಿ ಕೈಯೆತ್ತಿಕೊಂಡು ಮುಂದೆ ಬಂದ. ಸ್ನೇಹಲತಾಳ ಕರಿ ಚಡ್ಡಿಯವನು ಬಂದದ್ದೇ ಬೇರೆ ರೀತಿ. ಯಾವ ಗುಂಡಿಗೆ ಏನು ಎಂದು ಗೊತ್ತಿಲ್ಲದ ಅವಳು ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತುತ್ತಿದ್ದಳು, ರಾಗಿ ಬೀಸುವ ರಭಸದಲ್ಲಿ. ಕರಿ ಚಡ್ಡಿಯವನು ಗುದ್ದಿದ, ಒದ್ದ, ಮೊಣಕಾಲಿನಿಂದ ತಿವಿದ. ಶಾಸ್ತ್ರ ಬಲ್ಲ ಬಿಳಿ ಚಡ್ಡಿಗೆ ಇದು ಯಾವ ಶಾಸ್ತ್ರ ಎಂದು ತಿಳಿಯುವಷ್ಟರಲ್ಲಿ ಅವನು ಅಂಗಾತ ಬಿದ್ದಿದ್ದ.

"ಅಯ್ಯೋ ಸಿವ್ನೆ! ಮಗಿನ್ ಉಬ್ಬಿಂದ ರಕ್ತ ಬತ್ತಾ ಐತೆ, ಒಂಚೂರು ಅರಿಸ್ನ ಮೆತ್ರಪ್ಪ ಯಾರಾದ್ರೂ!" ಎಂದು ಮುದ್ದಮ್ಮ ಎದ್ದುನಿಂತಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಯೋಗಾನರಸಿಂಹ ಹೆದರಲಿಲ್ಲ. ಅಂಗಾತ ಬಿದ್ದವನು ಮೇಲಿದ್ದವನ ಕೈ ಹಿಡಿದು, ಎರಡೂ ಕಾಲು ಅವನ ಕತ್ತಿಗೆ ಹಾಕಿ ಮೊಣಕೈ ಮುರಿಯುವ ಒಂದು ಪಟ್ಟು ಈ ಆಟದಲ್ಲಿದೆ. ಅವನು ರಿಮೋಟಿನ ಕಡ್ಡಿಯನ್ನು ಗರಗರ ತಿರುಗಿಸಿದ. ಕರಿ ಚಡ್ಡಿಯವನ ಮುಖ ಕಿವುಚಿಕೊಂಡಿತು, ಕೈ ನೆಟ್ಟಗಾಯಿತು. ಕೊನೆಗೆ ಅವನು ಪಟಪಟನೆ ನೆಲ ಬಡಿದು ಶರಣಾದ. ಗಂಟೆ ಬಾರಿಸಿತು. ಟಿವಿಯಲ್ಲಿ ಬಿಳಿ ಚಡ್ಡಿಯವನ ಕೈ ಎತ್ತಿ ಹಿಡಿದರು. ಯೋಗಾನರಸಿಂಹನೂ ತನ್ನ ಕೈ ಎತ್ತಿದ.

"ಐನೋರ್ ಸೋತ್ರು," ಎಂದರು ಕೃಷ್ಣಪ್ಪನವರು.

"ಏನು?"

"ಬೆನ್ ನೆಲಕ್ ತಾಕ್ತಲ್ಲ, ಚಿತ್ ಆಯ್ತು. ಆಮ್ಯಾಕೆ ಮಾಡಿದ್ದು ಯಾವುದೂ ಲೆಕ್ಕಕ್ಕಿಲ್ಲ."

"ಯಜಮಾನ್ರೇ, ಈ ಆಟದಲ್ಲಿ ಬೆನ್ನು ತಾಗಿದ್ರೆ ಸೋಲಲ್ಲ! ನೋಡಿ, ಟಿವಿನೇ ಹೇಳ್ತಿದೆ ನಾನು ಗೆದ್ದೆ ಅಂತ!"

"ಟಿವಿ ಯಾವತ್ತಾದ್ರೂ ಗರಡಿ ಮಣ್ ಕಂಡೈತಾ?"

ನೆರೆದವರೆಲ್ಲ ಹೌದೆಂದು ತಲೆಯಾಡಿಸಿದರು. ಯೋಗಾನರಸಿಂಹನಿಗೆ ಕಣ್ಣೆದುರು ಅರಕಲಗೂಡಿನ ಬಸ್ಸು ಬಂದು ನಿಂತಂತಾಯಿತು. ಜನ್ಮದಲ್ಲಿ ಯಜಮಾನರಿಗೆ ಎದುರು ಮಾತಾಡದ ಮನುಷ್ಯ ಅವತ್ತು ಆಡಿದ. ಇದು ಅನ್ಯಾಯ ಎಂದ. ತಾನು ಊಟಕ್ಕೂ ಹೋಗಿಲ್ಲ ಎಂದ. ಆಟದ ಪೆಟ್ಟಿಗೆಯ ಜೊತೆ ಬಂದಿದ್ದ ನಿಯಮದ ಪುಸ್ತಕದ ಪುಟ ತಿರುವಿ, ಇಂಗ್ಲಿಷಿನಲ್ಲಿ ಓದಿ, ಅರ್ಥ ಹೇಳಿದ. ಯಾವುದೂ ನಾಟದಿದ್ದಾಗ ಮೇಜು ಗುದ್ದಿ, "ಇನ್ನೊಂದು ಸಲ ಆಡೋಣ! ಬೆನ್ನು ತಾಗದ ಹಾಗೇ ಗೆದ್ದು ತೋರಿಸ್ತೀನಿ!" ಎಂದು ಕೂಗಿದ. ಮೇಜಿನ ಮೇಲಿದ್ದ ಕ್ಯಾಲ್ಕುಲೇಟರು ನೆಗೆದು ಬಿತ್ತು.

ಕೃಷ್ಣಪ್ಪನವರು ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಇಷ್ಟ್ ರೋಸ ಎಲ್ಲಿಟ್ಟಿದ್ರಿ ಐನೋರೇ ಇಷ್ಟ್ ದಿನ? ಆಗ್ಲಿ, ಇನ್ನೊಂದ್ ಆಟ. ಏನ್ ಸ್ನೇಹಾ?"

"ನಾನ್ ಗೆದ್ದಾಗಿತ್ತು," ಎಂದಳು ಸ್ನೇಹಲತಾ, ಮುಖ ಊದಿಸಿಕೊಂಡು. ಆದರೂ ರಿಮೋಟು ಹಿಡಿದಳು.

ಎರಡನೆಯ ಆಟವನ್ನು ಕಂಡವರು ಮತ್ತೆಂದೂ ಮರೆಯಲಿಲ್ಲ. ಮೊದಲ ಸುತ್ತಿನಲ್ಲಿ ಬಿಳಿ ಚಡ್ಡಿಯವನ ಎಡಗಣ್ಣು ಮುಚ್ಚಿಹೋಯಿತು. ಎರಡನೆಯದರಲ್ಲಿ ಕರಿ ಚಡ್ಡಿಯವನ ಮೂಗು ಒಡೆಯಿತು. ಸುತ್ತು ಮುಗಿದಾಗ ಇಬ್ಬರು ಜಟ್ಟಿಗಳೂ ತಮ್ಮ ತಮ್ಮ ಮೂಲೆಯ ಸ್ಟೂಲಿನಲ್ಲಿ ಕುಳಿತರು. ಅವರ ಹೊಟ್ಟೆ ಏರಿ ಇಳಿಯುತ್ತಿತ್ತು, ಯಾರೋ ಬಂದು ಮುಖಕ್ಕೆ ಐಸು ಒತ್ತುತ್ತಿದ್ದರು. ಲಕ್ಕಯ್ಯನ ಟೀ ಆರಿ ಕೆನೆಗಟ್ಟಿತು. ಜಟ್ಟಿಗಳು ಮತ್ತೆ ಎದ್ದಾಗ ಕೃಷ್ಣಪ್ಪನವರು ಪರದೆಯ ಹತ್ತಿರ ಮಂಡಿಯೂರಿ, "ಕರಿ ಚಡ್ಡಿಯೋನ್ ಪಕ್ಕೆ ಓಯ್ತು ಪಾಪ. ಒಳಗೆ ಒಂದೆಲುಬು ಬಿಟ್ಟೈತೆ. ಆದ್ರೂ ನಿಂತವ್ನೆ ನೋಡ್ರಲಾ, ಆದ್ರೂ ನಿಂತವ್ನೆ!" ಎಂದು ಪಿಸುಗುಟ್ಟಿದರು.

ಮೂರನೆಯ ಸುತ್ತಿನಲ್ಲಿ ಯೋಗಾನರಸಿಂಹನಿಗೆ ಅಂಗಡಿಯೂ ಕಾಣಲಿಲ್ಲ, ಜನವೂ ಕಾಣಲಿಲ್ಲ. ಹಿತ್ತಲ ಆ ಕಲ್ಲು ಮಾತ್ರ ಕಂಡಿತು. ಬಿಳಿ ಚಡ್ಡಿಯವನು ಎರಡು ಸಲ ಅಂಗಾತ ಬೀಳುವವನಿದ್ದು ಎರಡು ಸಲವೂ ಸೊಂಟ ತಿರುಚಿ ಬೋರಲು ಬಿದ್ದ, ಬೆನ್ನು ತಾಗಿಸಲಿಲ್ಲ. ಎದ್ದ. ಪಕ್ಕೆಗೆ ಒಂದು ಒದೆ ಕೊಟ್ಟ. ಕರಿ ಚಡ್ಡಿಯವನು ಪಕ್ಕೆ ಕಾಪಾಡಿಕೊಳ್ಳಲು ಕೈ ಇಳಿಸಿದ ಕ್ಷಣದಲ್ಲಿ ದವಡೆಗೆ ಗುದ್ದಿದ. ಕರಿ ಚಡ್ಡಿಯವನ ಕಣ್ಣು ಮೇಲಕ್ಕೆ ಹೋಯಿತು, ಕಾಲು ಸೋತಿತು. ಬುಡ ಕಡಿದ ಬಾಳೆಯಂತೆ ಅವನು ಬೆನ್ನ ಮೇಲೆ ಬಿದ್ದ.

"ಚಿತ್!" ಎಂದು ಇಡೀ ಪೇಟೆಬೀದಿ ಕೂಗಿತು.

ಮುದ್ದಮ್ಮ ಬುಟ್ಟಿಯಲ್ಲಿದ್ದ ದೊಡ್ಡ ಹಾರವನ್ನೇ ತಂದು ಅವನ ಕೊರಳಿಗೆ ಹಾಕಿದಳು. ಲಕ್ಕಯ್ಯ ಶಿಳ್ಳೆ ಹೊಡೆದ. ಇಷ್ಟು ಜನ ತನ್ನನ್ನು ನೋಡಿ ಬೆರಗಾಗುವುದು ಯೋಗಾನರಸಿಂಹನ ಬಾಳಿನಲ್ಲಿ ಇದೇ ಮೊದಲು. ಪಕ್ಕದಲ್ಲಿ ಸ್ನೇಹಲತಾ ವೇಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವನಿಗೆ ಕರುಳು ಚುರುಕ್ ಎಂದಿತು.

"ಬೇಜಾರು ಮಾಡ್ಕೋಬೇಡಮ್ಮ. ಅರಕಲಗೂಡು ಒಳ್ಳೇ ಊರೇ."

"ಅದ್ಕೇ ಅಲ್ವಾ ಯೋಗಣ್ಣ ಬೇಜಾರು," ಎಂದು ಅವಳು ಮೂಗೆಳೆದಳು. "ಒಂದು ಅಂಗ್ಡಿ ನಾನೇ ನಡ್ಸಿ ತೋರಿಸ್ಬೇಕು ಅಂತ ಎಷ್ಟ್ ಆಸೆ ಇತ್ತು. ಬಿಡಿ, ನಿಮ್ ಅದೃಷ್ಟ."

ಯೋಗಾನರಸಿಂಹನಿಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಕೃಷ್ಣಪ್ಪನವರು ಜೇಬಿನಿಂದ ಒಂದು ಬೀಗದ ಕೈ ಗೊಂಚಲು ತೆಗೆದು, ಕಣ್ಣಿಗೊತ್ತಿಕೊಂಡು, ಅವನ ಕೈಯಲ್ಲಿಟ್ಟರು.

"ತಗಳಿ ಐನೋರೇ. ಅರಕಲಗೂಡು ನಿಮ್ದು."

"ಯಜಮಾನ್ರೇ, ನಾನು... ಗೆದ್ದೆನಲ್ಲ?"

"ಅದ್ಕೇ ಮತ್ತೆ! ಬ್ಯಾರೆ ಊರ್ಗೆ ಗರಡಿಯೋರು ಯಾರ್ನ ಕಳಸ್ತಾರೆ? ಸೋತೋನ್ನಾ? ಊರ್ ಮಾನ ಕಾಯೋ ಗೆದ್ದೋನ್ನ ತಾನೆ? ಸೋತೋನು ಮನೇಲಿ ಉಂಡ್ಕಂಡ್ ಇರ್ತಾನೆ."

ಯೋಗಾನರಸಿಂಹ ಗೊಂಚಲನ್ನು ವಾಪಸು ಚಾಚಿದ. "ಇಲ್ಲ ಇಲ್ಲ, ಯಜಮಾನ್ರೇ! ನಾನು ಸೋತಿದ್ದೆ! ಮೊದಲನೇ ಆಟದಲ್ಲೇ ಬೆನ್ನು ತಾಗಿತ್ತು, ನೀವೇ ಹೇಳಿದ್ರಿ! ಚಿತ್ ಆದ್ಮೇಲೆ ಮುಗೀತು. ಗೆದ್ದವಳು ಸ್ನೇಹಲತಾನೇ. ನ್ಯಾಯವಾಗಿ ಅವಳಿಗೇ ಕೊಡಿ!"

ಕೃಷ್ಣಪ್ಪನವರು ಅದನ್ನು ಅವನ ಅಂಗೈಗೇ ಒತ್ತಿದರು. ಆಮೇಲೆ ಜನರ ಕಡೆ ತಿರುಗಿದರು. "ನೋಡ್ರಲಾ ದೊಡ್ಡೋರ್ ಗುಣವ! ಗೆದ್ದೂ ಸೋತೆ ಅಂತಾರೆ! ಇಂಥ ಪೈಲ್ವಾನ್ನ ನಮ್ ಉಸ್ತಾದ್ರ ಕಾಲದಾಗೂ ನಾನ್ ಕಾಣ್ಲಿಲ್ಲ!" ಮುದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಹಾರ ಹಾಕಿದಳು.

ಅಷ್ಟರಲ್ಲಿ ಗುಂಪು ಸರಿದು ದಾರಿ ಬಿಟ್ಟಿತು. ಊಟಕ್ಕೆ ಬಾರದ ಗಂಡನಿಗೆ ಏನಾಯಿತೋ ಎಂದು ಕನಕಲಕ್ಷ್ಮಿ ಕ್ಯಾರಿಯರು ಹಿಡಿದು ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಮುದ್ದಮ್ಮ ಅವಳ ಕೈ ಹಿಡಿದುಕೊಂಡಳು.

"ಏನ್ ಗಂಡಸ್ನ ಪಡ್ದಿದ್ದೀರವ್ವಾ! ಮೊದಲ್ನೇದ್ರಾಗೆ ಸೋತು ಇಲ್ಲೇ ಉಳಿಯೋರಿದ್ರು. ಬುಡ್ಲಿಲ್ಲ! ಯಜಮಾನ್ರತ್ರ ಜಗ್ಳ ಆಡಿ, ಮೇಜ್ ಗುದ್ದಿ, ಇನ್ನೊಂದಾಟ ಆಡಿ ಅರಕಲಗೂಡ್ನ ಗೆದ್ಕಂಡ್ರು!"

ಕನಕಲಕ್ಷ್ಮಿ ಗಂಡನ ಕೊರಳಿನ ಎರಡು ಹಾರಗಳನ್ನು ನೋಡಿದಳು. ಕೈಯಲ್ಲಿದ್ದ ಬೀಗದ ಕೈ ನೋಡಿದಳು.

"ಜಗಳ ಆಡಿ ಗೆದ್ರಾ?" ಎಂದಳು ಮೆಲ್ಲಗೆ. "ಮಧ್ಯಾಹ್ನ ಮನೆಗೆ ಬರೋದು ಅಷ್ಟು ಸಾಕಾಗಿತ್ತು ಅಂತ ನನಗೇ ಒಂದು ಮಾತು ಹೇಳಬಾರದಿತ್ತಾ?"

ಕ್ಯಾರಿಯರನ್ನು ಟಿವಿಯ ಮುಂದೆ ಇಟ್ಟು ಅವಳು ತಿರುಗಿ ನೋಡದೆ ನಡೆದುಬಿಟ್ಟಳು.

"ಕನಕಾ! ಹಾಗಲ್ಲ ಕಣೇ, ಕೇಳು ಇಲ್ಲಿ!" ಎನ್ನುತ್ತ ಯೋಗಾನರಸಿಂಹ ಹಾರ ಹಾಕಿಕೊಂಡೇ, ಬರಿಗಾಲಿನಲ್ಲಿ, ಬೀದಿಗೆ ಇಳಿದು ಓಡಿದ. ಮೆರವಣಿಗೆ ಹೊರಟಿತೆಂದು ತಿಳಿದು ಪೇಟೆಬೀದಿಯ ಜನವೆಲ್ಲ ಶಿಳ್ಳೆ ಹೊಡೆಯುತ್ತ ಅವನ ಹಿಂದೆಯೇ ಹೊರಟರು.