ಅತ್ತೆಯ ಕಾರಿಗೆ ನೀರು ಅಂಟುವುದಿಲ್ಲ

ಮಳೆ ಬಂದರೆ ನಮ್ಮ ಸೋದರತ್ತೆ ಕಾರನ್ನು ಹೊರಗೆ ತೆಗೆಯುತ್ತಾರೆ. ಹೌದು, ಹೊರಗೆ! ತರೀಕೆರೆಯ ಜನವೆಲ್ಲ ಗಾಡಿಗಳನ್ನು ಒಳಗೆ ತಳ್ಳುವ ಹೊತ್ತಿಗೆ, ಇವರೊಬ್ಬರು ಶೆಡ್ಡಿನ ಬಾಗಿಲು ತೆಗೆದು, ಕಾರನ್ನು ಅಂಗಳದಲ್ಲಿ ನೆನೆಯಲು ಬಿಟ್ಟು, ಬಾನೆಟ್ಟನ್ನೇ ನೋಡುತ್ತಾ ನಿಲ್ಲುತ್ತಾರೆ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು. ಮದುವೆ ಬೇಡವೆಂದರು, ಯಾರಿಂದಲೂ ಒಪ್ಪಿಸಲಾಗಲಿಲ್ಲ. ರಿಟೈರ್ ಆದ ಮೇಲೆ ಡ್ರೈವಿಂಗ್ ಕಲಿಯುತ್ತೇನೆಂದರು, ಯಾರಿಂದಲೂ ತಡೆಯಲಾಗಲಿಲ್ಲ. ಹಳೆಯ ಕೆಂಪು ಕಾರೊಂದು ಮನೆಗೆ ಬಂತು. ಅದಕ್ಕೆ ಮೇಣ ಹಚ್ಚುವುದನ್ನು ಯಾವುದೋ ವಿಡಿಯೋದಲ್ಲಿ ನೋಡಿದರು ನೋಡಿ, ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು!

ನಾನು ಕಡೂರಿನಲ್ಲಿ ಕನ್ನಡ ಮೇಷ್ಟ್ರು. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ಮಾತು ಬಿಟ್ಟುಹೋಗಿದೆ. ಅದು ಗೊತ್ತಿದ್ದೂ ಅತ್ತೆ ನನ್ನನ್ನೇ ಕರೆಸಿ ಬಾನೆಟ್ಟಿನ ಮೇಲೆ ಒಂದು ಚೊಂಬು ನೀರು ಸುರಿದರು. ನೀರು ಹರಡಲಿಲ್ಲ. ಗುಂಡುಗುಂಡಾಗಿ ನಿಂತಿತು.

"ನೋಡ್ದೇನೋ?"

"ಮೇಣ ನೀರನ್ನ ತಳ್ತದೆ ಅಲ್ವಾ ಅತ್ತೆ?"

"ತಳ್ಳಕ್ಕೆ ಅದಕ್ಕೇನು ಕೈ ಇದ್ಯೇನೋ? ನೀರಿಗೆ ನೀರೇ ಇಷ್ಟ ಕಣೋ. ಬರೀ ಬಣ್ಣ ಆದ್ರೆ ಸ್ವಲ್ಪ ಅಂಟ್ಕೊಂಡು ಹರಡ್ತದೆ. ಮೇಣ ಕಂಡ್ರೆ ಅದಕ್ಕೆ ಆಗಲ್ಲ. ಅದಕ್ಕೇ ತನ್ನೊಳಗೇ ಮುದುಡ್ಕಂಡು ಗುಂಡಗಾಗ್ತದೆ. ಹಿಂಗೆ ನಿಂತ್ರೇನೇ ಒಳ್ಳೇದು."

ಹಾಗಾದರೆ ಜಗಳ ತೆಗೆದದ್ದು ಮೇಣವೋ, ನೀರೋ? ಬಸ್ಸಿನಲ್ಲಿ ಬೀರೂರು ದಾಟುವವರೆಗೂ ಯೋಚಿಸಿದೆ. ಬಗೆಹರಿಯಲಿಲ್ಲ.

ಮುಂದಿನ ಭಾನುವಾರ ಹೋದರೆ ಮೇಣದ ಡಬ್ಬಿ ಮೂಲೆ ಸೇರಿತ್ತು! ಅದರ ಜಾಗದಲ್ಲಿ ಕಾರಿಗೆ ಬಳಿಯುವ ಸೀಲೆಂಟ್ ಎಂಬುದರ ಬಾಟಲಿ. ಮೇಣ ಬಿಸಿಲಿಗೆ ಬೇಗ ಹೋಗುತ್ತದಂತೆ, ಇದು ತಿಂಗಳುಗಟ್ಟಲೆ ಇರುತ್ತದಂತೆ. ಅತ್ತೆ ಮತ್ತೆ ಚೊಂಬು ಎತ್ತಿದರು. ಈ ಸಲ ನೀರು ಗುಂಡಾಗಲೇ ಇಲ್ಲ. ಹಾಳೆಯಂತೆ ಸರ್ರನೆ ಜಾರಿ ಕೆಳಗೆ ಹೋಯಿತು.

"ಅಯ್ಯೋ, ಕೆಟ್ಟೋಯ್ತಾ ಅತ್ತೆ?"

"ಕೆಡೋದೇನು ಬಂತು? ಇದು ಇನ್ನೂ ಒಳ್ಳೇದು. ನಿಂತ ನೀರು ಒಣಗಿದ್ರೆ ಕಲೆ ಆಗ್ತದೆ."

"ಮೊನ್ನೆ ನಿಂತ್ರೆ ಒಳ್ಳೇದು ಅಂದ್ರಿ!"

"ಅದು ಮೊನ್ನೆ."

ನಿಂತರೂ ಸರಿ, ಹೋದರೂ ಸರಿ ಎಂದ ಮೇಲೆ ತಪ್ಪು ಯಾವುದು ಸ್ವಾಮಿ?

ಉಳಿದ ಮೇಣ ದಂಡವಾಗಬಾರದೆಂದು ಅತ್ತೆ ಸಿಕ್ಕಿದ್ದಕ್ಕೆಲ್ಲ ಬಳಿಯತೊಡಗಿದರು. ಒಮ್ಮೆ ಸ್ಕೂಟರಿನಲ್ಲಿ ಹೋಗಿದ್ದೆ. ನಾನು ಒಳಗೆ ಅಕ್ಕಿರೊಟ್ಟಿ ತಿನ್ನುವಷ್ಟರಲ್ಲಿ ಹೊರಗೆ ಅದರ ಸೀಟು ಫಳಫಳ ಹೊಳೆಯುತ್ತಿತ್ತು. ರೈಲ್ವೆ ಗೇಟಿನ ಹತ್ತಿರ ಬ್ರೇಕ್ ಹಾಕಿದೆ. ಸ್ಕೂಟರ್ ನಿಂತಿತು, ನಾನು ನಿಲ್ಲಲಿಲ್ಲ! ಮುಂದಕ್ಕೆ ಜಾರಿ ಹ್ಯಾಂಡಲ್ ತಬ್ಬಿಕೊಂಡು ಬಾಗಿ ಕೂತಿದ್ದವನಿಗೆ ಗೇಟಿನವನೂ ಕೈಮುಗಿದ.

ಇಷ್ಟರಲ್ಲಿ, ಕಡೂರಿನಲ್ಲಿ ನನ್ನ ಜೊತೆಗೇ ಇರುವ ಅಪ್ಪನ ಕಣ್ಣಿನ ವಿಷಯ ಬಯಲಾಯಿತು. ಒಂದು ಬೆಳಿಗ್ಗೆ ಕಾಫಿಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿಕೊಂಡರು. ತೋರಿಸಿದರೆ ಎರಡು ಕಣ್ಣಿಗೂ ಪೊರೆ. ಶಿವಮೊಗ್ಗದಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. "ಬಸ್ಸಿಗೆ ಹತ್ತಿಸ್ಬೇಡ್ವೋ, ನಾನೇ ಬತ್ತೀನಿ" ಎಂದು ಅತ್ತೆ ಬೆಳಗಾಗುತ್ತಲೇ ಕಡೂರಿಗೆ ಬಂದರು. ಕಾರು ಕನ್ನಡಿಯಂತಿತ್ತು. "ಮುಂದಿನ ಗಾಜಿಗೂ ಮೇಣ ಬಳಿದಿದೀನಿ, ಇನ್ಮೇಲೆ ವೈಪರ್ರೇ ಬೇಡ" ಎಂದರು.

ಬೀರೂರು ದಾಟಿದ್ದೇ ಮಳೆ ಹಿಡಿಯಿತು. ಗಾಜು ಮಬ್ಬಾಯಿತು. ಅತ್ತೆ ವೈಪರ್ ಹಾಕಿದರು. ಅದು ಮೇಣವನ್ನೂ ನೀರನ್ನೂ ಕಲಸಿ ಗಾಜಿನ ತುಂಬ ಸವರಿತು. ಎದುರಿಗೆ ಬರುವುದು ಲಾರಿಯೋ, ಮರವೋ, ತಿಳಿಯದಾಯಿತು. ಅತ್ತೆ ಹೇಗೋ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದರು.

"ಯಾಕೆ ನಿಲ್ಲಿಸ್ಬಿಟ್ಟೆ?" ಅಪ್ಪ ಕೇಳಿದರು.

"ಎಲ್ಲಾ ಮಂಜುಮಂಜಾಗಿ ಕಾಣ್ತದೆ ಕಣಣ್ಣಾ."

"ಅಷ್ಟೇ ತಾನೇ? ನಂಗೆ ಎರಡು ವರ್ಷದಿಂದ ಹಿಂಗೇ ಕಾಣೋದು."

ನಾನು ಗೊಳ್ಳೆಂದು ನಕ್ಕೆ. ಅತ್ತೆ ನಗಲಿಲ್ಲ.

"ಎರಡು ವರ್ಷ! ನಂಗ್ಯಾಕಣ್ಣ ಹೇಳ್ಲಿಲ್ಲ?"

"ಹೇಳಿದ್ರೆ ಆಪರೇಷನ್ ಅಂತೀಯ. ಹೆದರಿಕೆ ಆಯ್ತು ಕಣೇ."

ಅತ್ತೆ ಕೆಳಗಿಳಿದರು. ಊರಿನವರಿಗೆಲ್ಲ ಧೈರ್ಯ ಹೇಳಿ ಸೂಜಿ ಚುಚ್ಚಿದ ನರ್ಸಮ್ಮನಿಗೆ ಒಡಹುಟ್ಟಿದ ಅಣ್ಣನ ಹೆದರಿಕೆ ಗೊತ್ತಾಗಿರಲಿಲ್ಲ. ಅಂಗಡಿಯಿಂದ ಪಾತ್ರೆ ತೊಳೆಯುವ ಸೋಪು ಇಸಿದುಕೊಂಡು ಬಂದು ಮಳೆಯಲ್ಲೇ ಗಾಜು ಉಜ್ಜತೊಡಗಿದರು. ಸೋಪು ತಾಗಿದ ಮೇಲೆ ಮೇಣ ಬಿಟ್ಟುಕೊಂಡಿತು. ಅರ್ಧ ಗಂಟೆ ತಡವಾದರೂ ಆಸ್ಪತ್ರೆ ಸೇರಿದೆವು, ಆಪರೇಷನ್ನೂ ಚೆನ್ನಾಗಿಯೇ ಆಯಿತು.

ಆದರೆ ನನಗೆ ಮರೆಯಲಾಗದ್ದು ಆ ಅಂಗಡಿಯ ಮುಂದೆ ನಡೆದದ್ದು. ಅತ್ತೆ ನೆನೆಯುತ್ತಿದ್ದಾರೆಂದು ಅಪ್ಪ ನನ್ನ ಕೈ ಬಿಡಿಸಿಕೊಂಡು, ಕಾರನ್ನು ತಡವುತ್ತಾ ಹೋಗಿ, ಕೊಡೆ ಬಿಚ್ಚಿ ತಂಗಿಗೆ ಹಿಡಿದರು. ಕೊಡೆ ಅತ್ತೆಯ ತಲೆಯಿಂದ ಒಂದು ಮೊಳ ಆಚೆಗಿತ್ತು. ಅದರ ಅಂಚಿನಿಂದ ಸುರಿಯುವ ನೀರೂ ಸೇರಿ ಅತ್ತೆಯ ಸೀರೆ, ತಲೆಯೆಲ್ಲ ತೊಪ್ಪೆಯಾಗಿತ್ತು.

"ಸರಿಯಾಗಿ ಹಿಡಿದಿದೀನೇನೇ?" ಎಂದರು ಅಪ್ಪ.

ಅತ್ತೆ ಉಜ್ಜುವ ಕೈ ನಿಲ್ಲಿಸಲಿಲ್ಲ, ಕೊಡೆಯ ಕಡೆಗೆ ಸರಿಯಲೂ ಇಲ್ಲ.

"ಹೂಂ ಕಣಣ್ಣಾ, ಒಂದು ಹನೀನೂ ಬೀಳ್ತಿಲ್ಲ."