ಸಾತಪ್ಪ ಅವರೇ, ನಿಮ್ಮ ಸರದಿ ಬಂದಿದೆ

ಇನ್ನು ಮೇಲೆ ಈ ಮನೆಯವರು ಯಾವುದಕ್ಕೂ ಪಾಳಿ ನಿಲ್ಲುವುದಿಲ್ಲ ಎಂದು ನಾನು ತುಕ್ಕಾನಟ್ಟಿಯ ನಮ್ಮ ಓಣಿಗೆಲ್ಲ ಕೇಳುವ ಹಾಗೆ ಸಾರಿಬಿಟ್ಟೆ. ಏಪ್ರಿಲ್ ತಿಂಗಳ ಒಂದು ಮಂಗಳವಾರ. ಆ ದಿನ ನನ್ನ ಗಂಡ ಸಾತಪ್ಪ ಇನ್ನೂ ಇದ್ದರು.

ಸಾರುವುದಕ್ಕೆ ಕಾರಣವಿತ್ತು. ಅಂಗಳದಲ್ಲಿ ಕರೆಂಟಿನ ಕಾರು ನಿಂತಿತ್ತು. ದೀಪಾವಳಿಗೆ ಬಂದದ್ದು. ಬಿಳಿ ಬಣ್ಣ. ಸದ್ದಿಲ್ಲ, ಹೊಗೆಯಿಲ್ಲ. ಹಿಂದಿನಿಂದ ಬಂದು ನಿಂತರೆ ಎಮ್ಮೆಗೂ ಗೊತ್ತಾಗುತ್ತಿರಲಿಲ್ಲ. ಪೆಟ್ರೋಲ್ ಪಂಪಿನ ಸಾಲು ಇನ್ನು ನಮಗೆ ಯಾಕೆ?

ನಮ್ಮವರು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಕಬ್ಬಿನ ಗಾಡಿಗಳಿಗೆ ಪಾಳಿ ಚೀಟಿ ಹರಿದು ಕೊಟ್ಟವರು. ಯಾರ ಟ್ರ್ಯಾಕ್ಟರ್ ಮುಂದೆ, ಯಾರದು ಹಿಂದೆ ಎಂಬುದು ಅವರ ಬಾಯಲ್ಲಿತ್ತು. ಅಂಥ ಮನುಷ್ಯ ಆ ಸಂಜೆ ಯಮಕನಮರಡಿಯಿಂದ ಸಪ್ಪೆ ಮುಖ ಮಾಡಿಕೊಂಡು ಬಂದರು.

"ಯಾಕ್ರಿ?"

"ಹೈವೇದಾಗಿನ ಚಾರ್ಜಿನ ಮಷೀನ್ ಕೆಟ್ಟೈತಿ. ಫೋನಿನ್ಯಾಗ ಹೆಸರು ಹಚ್ಚಿ ಬಂದೀನಿ. ರಿಪೇರಿ ಆದ ಮ್ಯಾಲೆ ಅದ ಕರೀತೈತಂತ."

"ಅಂದ್ರ ಪಾಳಿ."

"ಹ್ಞೂಂ. ಪಾಳಿ."

"ನಿಮ್ಮ ಮುಂದ ಎಷ್ಟು ಮಂದಿ ಅದಾರ?"

"ಹದಿನೇಳು."

ನನಗೆ ನಗು ತಡೆಯಲಿಲ್ಲ. "ಇಪ್ಪತ್ತೆಂಟು ವರ್ಷ ಮಂದೀನ ಬಿಸಿಲಾಗ ನಿಲ್ಲಿಸಿದ್ರಿ. ಈಗ ಮಷೀನ್ ನಿಮ್ಮನ್ನ ನಿಲ್ಲಿಸೈತಿ."

"ನಗು ನೀ. ಗೋಕಾಕದಾಗಿನ ಮಷೀನಿನ ಮುಂದ ಯಾವಾಗಲೂ ಲಾರಿ ನಿಂತಿರತಾವ. ಮೂಡಲಗ್ಯಾಗ ಪೆಟಗಿ ತಂದು ಇಟ್ಟಾರ, ಕರೆಂಟ ಕೊಟ್ಟಿಲ್ಲ. ಹೊಸಾ ಕಾರು ಮಾತ್ರ ದಿನಾ ಬರಾಕತ್ತಾವ. ಕಾರು ಮಾರಾವ್ರಿಗೆ ಅವಸರ, ಕರೆಂಟ ಕೊಡಾವ್ರಿಗೆ ನಿದ್ದಿ."

ಮನೆಯ ಪ್ಲಗ್ಗಿನಲ್ಲೂ ಚಾರ್ಜು ಆಗುತ್ತಿತ್ತು. ಆದರೆ ಅದು ಮಗುವಿಗೆ ಒಳಲೆಯಲ್ಲಿ ಹನಿಹನಿ ಹಾಲು ಕುಡಿಸಿದ ಹಾಗೆ. ಇಡೀ ದಿನ ಬೇಕು. ಅವರಿಗೆ ಮರುದಿನವೇ ಕೊಲ್ಹಾಪುರಕ್ಕೆ ಹೋಗುವುದಿತ್ತು. ಬಸ್ಸಿಗೆ ಹೋದರಾಯಿತು ಎಂದು ಉಂಡು ಮಲಗಿದರು.

ಮುಂಜಾನೆ ಎದ್ದು ಚಹಾ ಕುಡಿದರು. ಕಪ್ಪು ಕೆಳಗಿಟ್ಟರು. ಗೋಡೆಗೆ ಒರಗಿದರು. ಅಷ್ಟೇ. ಡಾಕ್ಟರು ಬಂದು ಹೃದಯ ಅಂದರು. ಹದಿನೇಳು ಮಂದಿಯ ಪಾಳಿಯಲ್ಲಿ ಸಿಕ್ಕಿಕೊಂಡಿದ್ದವರನ್ನು, ಮುಂದೆ ಯಾರೂ ಇಲ್ಲದ ಇನ್ನೊಂದು ಪಾಳಿ ಎಳೆದುಕೊಂಡು ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಸೂತಕ ಕಳೆಯಬೇಕೆಂದು ಮನೆಯನ್ನೆಲ್ಲ ತೊಳೆದರು. ಹಾಸಿಗೆ, ಅಂಗಿ, ಅವರು ಒರಗಿದ್ದ ಗೋಡೆ, ಎಲ್ಲ. ಅವರ ತಂಬಾಕಿನ ವಾಸನೆ ಮೂರೇ ದಿನಕ್ಕೆ ಮನೆ ಬಿಟ್ಟು ಹೋಯಿತು. ಕಾರನ್ನು ತೊಳೆಯುವುದು ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ನಾನೂ ನೆನಪು ಮಾಡಲಿಲ್ಲ. ದಿನಕ್ಕೊಮ್ಮೆ ಅದರ ಬಾಗಿಲು ತೆರೆದು, ಮೂಗು ಒಳಗಿಟ್ಟು, ಮತ್ತೆ ಮುಚ್ಚುತ್ತಿದ್ದೆ.

ಒಂಬತ್ತನೆಯ ದಿನ ಮೈದುನ ಶಿವಪುತ್ರ ಕಾರನ್ನು ಪ್ಲಗ್ಗಿಗೆ ಹಚ್ಚಿದ. ಕೆಂಪು ದೀಪ. ಬಿಚ್ಚಿ ಮತ್ತೆ ಹಚ್ಚಿದ. ಕೆಂಪು. ದೀಪಾವಳಿಯಿಂದ ಇಲ್ಲಿಯತನಕ ಒಂದು ದಿನವೂ ಹೀಗಾದದ್ದಿಲ್ಲ.

"ವೈನಿ, ಅಣ್ಣನ ಜೋಡಿ ಇದೂ ಹೋತು."

"ಅದಕ್ಕೇನು ಹೃದಯ ಐತೇನು ಹೋಗಾಕ?"

"ಬ್ಯಾಟರಿ ಅಂದ್ರ ಹೃದಯನ. ನಿಪ್ಪಾಣಿಯವ ಒಬ್ಬ ತಗೋತೇನಿ ಅಂದಾನ. ಸೋಮವಾರ ಬರ್ತಾನ. ಚಾರ್ಜ ಆಗಲಾರದ ಕಾರು ಅಂಗಳದಾಗ ನಿಂತ್ರ ಹೆಣ ನಿಂತಂಗ."

ತಂಬಾಕಿನ ವಾಸನೆಗಾಗಿ ಕಾರು ಇಟ್ಟುಕೊಳ್ಳುತ್ತೇನೆ ಅಂದರೆ ಯಾರು ಕೇಳುತ್ತಾರೆ?

ಹನ್ನೊಂದನೆಯ ದಿನ ಕಾಗೆಗೆ ಎಡೆ ಇಟ್ಟೆವು. ಎಲೆಯ ಮೇಲೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ. ಕಾಗೆ ಮುಟ್ಟಿದರೆ ಹೋದವರಿಗೆ ಸಮಾಧಾನ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಕಾಗೆ ಬೇವಿನ ಮರದಲ್ಲಿ ಕೂತಿತ್ತು. ಇಳಿಯಲಿಲ್ಲ. ಇಪ್ಪತ್ತು ಮಂದಿ ಉಸಿರು ಹಿಡಿದು ನೋಡುತ್ತಿದ್ದರು.

ಆಗ ಒಳಗೋಡೆಯ ಮಾಡದಲ್ಲಿದ್ದ ಅವರ ಫೋನು ಮಾತಾಡಿತು. ಹೆಣ್ಣು ಧ್ವನಿ. ಸಾವಕಾಶ, ಮೆತ್ತಗೆ.

"ಸಾತಪ್ಪ ಅವರೇ, ಯಮಕನಮರಡಿಯಲ್ಲಿ ನಿಮ್ಮ ಸರದಿ ಬಂದಿದೆ. ದಯವಿಟ್ಟು ಬನ್ನಿ."

ನನ್ನ ಅತ್ತೆ ಅಲ್ಲವ್ವನ ಕಿವಿ ಮಂದ. ಅವಳಿಗೆ "ಯಮ" ಅಂದದ್ದಷ್ಟೇ ಕೇಳಿತು. "ಬಂದು ಒಯ್ದ ಮ್ಯಾಲೂ ಕರೀತಾನಲ್ಲೋ" ಎಂದು ಎದೆ ಬಡಿದುಕೊಂಡಳು. ಫೋನು ನಿಲ್ಲಲಿಲ್ಲ.

"ಹದಿನೈದು ನಿಮಿಷದೊಳಗೆ ನೀವು ಬರದಿದ್ದರೆ ನಿಮ್ಮ ಸರದಿ ಮುಂದಿನವರಿಗೆ ಹೋಗುತ್ತದೆ."

ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನವರು ಯಾರು? ಎಲ್ಲರ ಕಣ್ಣು ನಿಧಾನಕ್ಕೆ ತಿರುಗಿ ಶಿದ್ಲಿಂಗಪ್ಪ ಕಾಕಾನ ಮೇಲೆ ನಿಂತವು. ಎಂಬತ್ತಾರು ವರ್ಷ, ನಮ್ಮ ಮನೆತನಕ್ಕೆಲ್ಲ ಹಿರಿಯ. ಕಾಕಾ ಪಟಕ ಎತ್ತಿ ತಲೆಗಿಟ್ಟುಕೊಂಡ. "ನನಗ ಹೊಲದಾಗ ಕೆಲಸ ಐತಿ" ಎಂದ. ಹತ್ತು ವರ್ಷದಿಂದ ಕೋಲಿಲ್ಲದೆ ನಡೆಯದವನು ಕೋಲು ಬಿಟ್ಟು ಹೋದ.

"ಸರದಿಯನ್ನು ನಾಳೆಗೆ ಮುಂದೂಡಲು ಒಂದನ್ನು ಒತ್ತಿ."

ನಾನು ಮೂರನೆಯ ಇಯತ್ತೆ ಕಲಿತವಳು. ಒಂದು ಎಂಬುದು ನನಗೆ ಬರುತ್ತದೆ. ಒಳಗೆ ಹೋಗಿ ಒತ್ತಿದೆ. ಆ ಬುಧವಾರ ಮುಂಜಾನೆಯೂ ಒತ್ತಲು ಹೀಗೊಂದು ಒಂದು ಇದ್ದಿದ್ದರೆ ಅನ್ನಿಸಿತು. ಹೊರಗೆ ಬಂದಾಗ ಕಾಗೆ ಹೋಳಿಗೆ ಕಚ್ಚಿಕೊಂಡು ಹಾರುತ್ತಿತ್ತು.

"ಶಿವಪುತ್ರ," ಎಂದೆ, "ನೀರಿನ ಪಾಳಿ ಇರ್ಲಿ, ಮತ್ತೊಂದು ಇರ್ಲಿ, ಗಂಡ ಹೋದ್ರ ಹೆಂಡ್ತಿಗೆ ಬರತೈತಿ. ಈ ಪಾಳಿ ನಂದು. ನಾಳೆ ನಾನ ಕಾರು ಹೊಡಕೊಂಡು ಹೋಗಿ ತುಂಬಿಸ್ಕೊಂಡು ಬರ್ತೇನಿ. ನಡೀತಂದ್ರ ಕಾರು ಇಲ್ಲೇ ಇರತೈತಿ."

"ನಡೀಲಿಲ್ಲಂದ್ರ?"

"ಮಾರು."

ನನಗೆ ಲೈಸೆನ್ಸು ಇದೆ. ಅವರೇ ಕಲಿಸಿದ್ದರು. ಕ್ಲಚ್ಚಿಲ್ಲ, ಗೇರಿಲ್ಲ, ಹೊಲಿಗೆ ಮಷೀನಿಗಿಂತ ಸಲೀಸು. ಬ್ಯಾಟರಿಯಲ್ಲಿ ನೂರಕ್ಕೆ ಮೂವತ್ತನಾಲ್ಕು ಉಳಿದಿತ್ತು. ಹೋಗಲು ಸಾಕು. ಬರಲು ಸಾಲದು.

ರವಿವಾರ ಬಿಸಿಲು ಏರುವ ಹೊತ್ತಿಗೆ ಹೊರಟೆ. ಘಟಪ್ರಭಾ ದಾಟುವತನಕ ಏನೂ ಇಲ್ಲ. ದಾಟಿದ ಮೇಲೆ ಕಾರು ಟಿಂಗ್ ಟಿಂಗ್ ಎನ್ನಲು ಶುರು ಮಾಡಿತು. ಬಾಜೂ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಎಂದು ಅದರ ತಕರಾರು. ಬಾಜೂ ಸೀಟಿನಲ್ಲಿ ಯಾರೂ ಇರಲಿಲ್ಲ. ಅವರ ಟವೆಲ್ಲು, ಅವರ ಫೋನು. ಅವೆರಡೂ ಕೂಡಿದರೆ ಪಾವು ಕಿಲೋ ಆಗಲಿಕ್ಕಿಲ್ಲ.

ಹೊರಗೆ ಬಯಲು. ಕಬ್ಬು ಕಡಿದ ಹೊಲಗಳು. ಕಾರಿನದು ಸದ್ದೇ ಇಲ್ಲ, ಆ ಟಿಂಗ್ ಒಂದೇ. ಎರಡು ಮೈಲಿ ತಡೆದೆ. ಆಮೇಲೆ ಕಾರು ನಿಲ್ಲಿಸಿ, ಬಾಗಿ, ಆ ಖಾಲಿ ಸೀಟಿಗೆ ಬೆಲ್ಟ್ ಹಾಕಿದೆ.

"ಮನ್ಯಾಗಿದ್ದಾಗೂ ಹೇಳಿದ್ದು ಕೇಳಲಿಲ್ಲ ನೀವು," ಎಂದೆ.

ಸದ್ದು ನಿಂತಿತು.

ಹುಕ್ಕೇರಿ ಹಾದು ಯಮಕನಮರಡಿ ಮುಟ್ಟಿದಾಗ ನೆತ್ತಿಯ ಮೇಲೆ ಸೂರ್ಯ, ಬ್ಯಾಟರಿಯಲ್ಲಿ ನಾಲ್ಕು. ಧಾಬಾದ ಪಕ್ಕದಲ್ಲಿ ತಗಡಿನ ಚಪ್ಪರ. ಅದರ ಕೆಳಗೆ ಮಷೀನು. ಅದಕ್ಕೆ ಕಾರಿಗೆ ಚುಚ್ಚುವ ಎರಡು ಕೈ. ಒಂದಕ್ಕೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದಿದ್ದರು. ಮುಂದೆ ಒಂಬತ್ತು ಕಾರುಗಳ ಸಾಲು. ಒಂದರದೂ ಸದ್ದಿಲ್ಲ. ಚಾರ್ಜು ಕಡಿಮೆಯಾಗುತ್ತದೆಂದು ಯಾರೂ ಎಸಿ ಹಚ್ಚಿರಲಿಲ್ಲ. ಗಾಜಿನ ಹಿಂದೆ ಒಬ್ಬೊಬ್ಬರೂ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಬಿದ್ದಿದ್ದರು. ನಾನು ಪಾಳಿಯಲ್ಲಿ ನಿಂತದ್ದೋ, ಮಸಣದಲ್ಲಿ ನಿಂತದ್ದೋ ತಿಳಿಯಲಿಲ್ಲ.

ಮುಂದಿನ ಕಾರಿನ ಗಾಜು ಬಡಿದೆ. ಒಳಗಿದ್ದ ಹೆಣ್ಣುಮಗಳು ಬೆಚ್ಚಿ ಎದ್ದಳು. ಹೆಸರು ದಾಕ್ಷಾಯಿಣಿ, ಹುಕ್ಕೇರಿಯಲ್ಲಿ ಟೀಚರು.

"ನಮ್ಮ ಪಾಳಿ ಬಂದೈತಿ ಅಂತ ಫೋನಿನ್ಯಾಗ ಕರದಾರ್ರಿ," ಎಂದೆ.

"ಫೋನಿನ ಪಾಳಿ ಫೋನಿನ್ಯಾಗ, ಅಕ್ಕಾರ. ಇಲ್ಲಿ ನಿಂತಾವ್ರ ಪಾಳಿನ ಖರೆ. ನಾ ಎಂಟರಿಂದ ಕುಂತೀನಿ."

ಹನ್ನೆರಡು ದಿನ ಕಾದ ಪಾಳಿ ಬಿಡಲು ನಾನು ತಯಾರಿರಲಿಲ್ಲ. ರೇಷನ್ ಅಂಗಡಿಯಲ್ಲಿ, ನಳದ ಮುಂದೆ, ದವಾಖಾನೆಯಲ್ಲಿ ನಾವು ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಪಾಳಿಗೆ ಚಪ್ಪಲಿ ಇಟ್ಟೆ. ಅವರು ಯಾವಾಗಲೂ ಬರಿಗಾಲಲ್ಲಿ ಕಾರು ಹೊಡೆಯುತ್ತಿದ್ದರು, ಚಪ್ಪಲಿ ಸೀಟಿನ ಕೆಳಗೇ ಇದ್ದವು. ಒಯ್ದು ಮಷೀನಿನ ಎದುರಿಗೆ ಜೋಡಿಸಿ, ನೆರಳಿಗೆ ಬಂದು ಕೂತೆ.

ಸಾಮಾನಿನ ಕರೆಂಟ್ ರಿಕ್ಷಾ ಹೊಡೆಯುವ ಪರಶುರಾಮ ಎಂಬವನು ಅವನ್ನು ನೋಡಿದ. "ಯಾರವ್ರಿ ಚಪ್ಪಲಿ? ತಗೀರಿ ಆ ಕಡೆ."

"ನಮ್ಮ ಮನಿಯವರವು."

"ಅವ್ರನ್ನ ಕರೀರಲ್ಲ. ಎಲ್ಲಿ ಹೋಗ್ಯಾರ?"

"ಹೋಗಿ ಹನ್ನೆರಡು ದಿನ ಆತಪ್ಪ."

ಚಪ್ಪಲಿ ಸರಿಸಲು ಎತ್ತಿದ ಅವನ ಕಾಲು ಅಲ್ಲೇ ನಿಂತಿತು. ಆ ಹೊತ್ತಿಗೇ ಕಾರಿನೊಳಗಿಂದ ಫೋನು ಕೂಗಿತು. "ಸಾತಪ್ಪ ಅವರೇ, ನಿಮ್ಮ ಸರದಿ ಬಂದಿದೆ. ನೀವು ಕೇಂದ್ರದ ಹತ್ತಿರ ಇದ್ದೀರಿ."

ಗಾಜುಗಳು ಒಂದೊಂದಾಗಿ ಇಳಿದವು. ಎಲ್ಲರೂ ಆ ಎರಡು ಚಪ್ಪಲಿ ನೋಡಿದರು. ಆಮೇಲೆ ಮೊದಲನೆಯ ಕಾರಿನವನು ಚುಚ್ಚಿದ ಕೈ ಕಿತ್ತು, ಕಾರನ್ನು ಸದ್ದಿಲ್ಲದೆ ಬದಿಗೆ ಸರಿಸಿದ. ಅದರ ಹಿಂದೆ ಎರಡನೆಯದು. ಮೂರನೆಯದು. ಮಷೀನಿನ ಮುಂದೆ ಜಾಗ ಬಾವಿಯ ಹಾಗೆ ತೆರೆದುಕೊಂಡಿತು.

ಕಾರು ತಂದು ಮಷೀನಿನ ಕೈ ಚುಚ್ಚಿದೆ. ಶುರುವಾಗಲಿಲ್ಲ. ಕಂಪನಿಗೆ ಫೋನು ಮಾಡಿ ಎಂದು ಪರದೆಯಲ್ಲಿ ಬಂತು. ಟೀಚರು ದೂರದಿಂದಲೇ ಕೈ ಚಾಚಿ ನಂಬರು ಒತ್ತಿಕೊಟ್ಟಳು.

"ನಮಸ್ಕಾರ, ನಾನು ಮಯೂರಿ. ಯಾರು ಮಾತಾಡ್ತಿರೋದು?"

"ನಾ ಸತ್ತೆವ್ವ."

"ಏನಂದ್ರಿ ಮೇಡಂ?"

"ಸತ್ತೆವ್ವ ಅದೀನಿ ನಾ."

"ಯಾವಾಗ... ಯಾವಾಗಿಂದ?"

"ಹುಟ್ಟಿದಾಗಿಂದ."

"ಸಾತಪ್ಪ ಅವರಿಗೆ ಫೋನ್ ಕೊಡಿ ಮೇಡಂ, ಪ್ಲೀಸ್."

"ಅವರು ಸತ್ತಾರ. ನಾ ಸತ್ತೆವ್ವ."

"ಇಬ್ರೂನಾ?"

"ಏ ತಂಗಿ, ಸತ್ತಾವ್ರು ಅವರು. ನನ್ನ ಹೆಸರ ಸತ್ತೆವ್ವ."

"ಆದ್ರೆ ಖಾತೆ ಅವರ ಹೆಸರಲ್ಲಿದೆ. ಅವರೇ ಬಂದಿರಬೇಕು."

"ಬಂದಾರ. ಬೆಲ್ಟ್ ಹಾಕ್ಕೊಂಡು ಕುಂತಾರ. ಚಪ್ಪಲಿ ಇಲ್ಲೇ ಅದಾವ."

ನಾನು ಹೇಳಿದ್ದು ಇದ್ದದ್ದನ್ನೇ. ಮಯೂರಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ಮಷೀನು ಗುಂಯ್ ಎಂದಿತು. ಪರದೆಯ ಮೇಲೆ ಬಂದದ್ದನ್ನು ಅಕ್ಷರ ಕೂಡಿಸಿ ಓದಿದೆ. ಸ್ವಾಗತ, ಸಾತಪ್ಪ.

"ಶುರು ಮಾಡಿದೀನಿ ಮೇಡಂ. ಎಷ್ಟು ಬೇಕೋ ಅಷ್ಟು ತುಂಬಿಸ್ಕೊಳ್ಳಿ," ಎಂದು ಅವಳು ಫೋನಿಟ್ಟಳು.

ಯಾರೂ ಬೇಗ ಮುಗಿಸಿ ಅನ್ನಲಿಲ್ಲ. ಎಂಬತ್ತು ಆದಾಗ ನಾನೇ ನಾಚಿ ಕಿತ್ತೆ. ಚಪ್ಪಲಿ ಎತ್ತಿಕೊಂಡ ಮೇಲೇ ಪರಶುರಾಮ ಹತ್ತಿರ ಬಂದ.

"ಕಾಕೂ, ಅಷ್ಟು ದೂರದಿಂದ ಯಾಕ ಬಂದ್ರಿ? ಮನ್ಯಾಗ ಪ್ಲಗ್ ಇಲ್ಲೇನು?"

"ಐತಿ. ಕೆಂಪು ದೀಪ ತೋರಸ್ತೈತಿ. ಅವರು ಹೋದಾಗಿಂದ."

"ಅರ್ಥಿಂಗ್ ಒಣಗಿರ್ಬೇಕು. ಪ್ಲಗ್ಗಿನ ತಂತಿ ನೆಲದಾಗ ಇಳಿಸಿರ್ತಾರ ನೋಡ್ರಿ, ಅಲ್ಲಿ ನೀರು ಹಾಕಬೇಕು. ಮಣ್ಣು ಹಸಿ ಇದ್ರ ಕಾರು ಕರೆಂಟ ತಗೋತೈತಿ, ಇಲ್ಲಂದ್ರ ಇಲ್ಲ. ಇಷ್ಟು ದಿನ ಯಾರು ಹಾಕತಿದ್ರು?"

"ಯಾರೂ ಹಾಕಿಲ್ಲ," ಎಂದೆ. ನನ್ನ ಮನೆ ನನಗೆ ಗೊತ್ತಿಲ್ಲವೇ?

ಬರುವಾಗ ಟವೆಲ್ಲು, ಫೋನು ಅಲ್ಲೇ ಇಟ್ಟು ಬಾಜೂ ಸೀಟಿನ ಬೆಲ್ಟ್ ಬಿಚ್ಚಿಟ್ಟೆ. ಕಾರು ಕೂಗಲಿಲ್ಲ. ಹುಕ್ಕೇರಿಯತನಕ ಕಾದೆ. ಘಟಪ್ರಭಾತನಕ ಕಾದೆ. ಕೂಗಲಿಲ್ಲ.

ಅಂಗಳಕ್ಕೆ ಕಾರು ತಂದು ನಿಲ್ಲಿಸಿ, ಗತ್ತಿನಿಂದ ಇಳಿದು, ಪ್ಲಗ್ಗಿನ ತಂತಿ ಎಲ್ಲಿ ಇಳಿದಿದೆ ಎಂದು ಗೋಡೆಗುಂಟ ನೋಡುತ್ತ ಹೋದೆ. ಮೂಲೆಯಲ್ಲಿ ಇಳಿದಿತ್ತು. ಮಣ್ಣು ಬಿರಿದು ಹಂಚಿನ ಚೂರಿನಂತಾಗಿತ್ತು. ನೋಡುತ್ತ ನಿಂತೆ. ಒಳಗೆ ಬಚ್ಚಲು ಇದ್ದರೂ ನಮ್ಮವರು ದಿನಾ ಮುಂಜಾನೆ ಮುಖ ತೊಳೆಯುತ್ತಿದ್ದುದು ಆ ಮೂಲೆಯಲ್ಲಿ. ಎರಡು ತಂಬಿಗೆ ನೀರು ಅಲ್ಲೇ ಸುರಿಯುತ್ತಿದ್ದರು. ಅಂಗಳ ಕೆಸರು ಮಾಡುತ್ತೀರಿ ಎಂದು ನಾನು ದಿನಾ ಒದರುತ್ತಿದ್ದೆ. ಬೇಕೆಂದೇ ಸುರಿಯುತ್ತಿದ್ದರೋ, ರೂಢಿಯೋ, ಒಂದು ದಿನವೂ ಹೇಳಿದವರಲ್ಲ.

ಕೊಡ ತಂದು ಸುರಿದೆ. ನೆಲ ಗುಟುಗುಟು ಕುಡಿಯಿತು. ಶಿವಪುತ್ರ ಪ್ಲಗ್ಗು ಹಚ್ಚಿದ. ಹಸಿರು ದೀಪ.

ಅವನು ಆ ದೀಪ ನೋಡಿದ, ಕೊಡ ನೋಡಿದ, ನನ್ನನ್ನು ನೋಡಿದ. "ವೈನಿ, ಒಂದು ಕೊಡ ನೀರಿಗೆ ಯಮಕನಮರಡಿತನಕ ಹೋಗಿ ಬಂದ್ರಿ?"

ನನ್ನ ಗತ್ತು ಇಳಿಯಿತು. ನಿಪ್ಪಾಣಿಯವನಿಗೆ ಬರಬೇಡ ಎಂದು ಅವನೇ ಹೇಳಿ ಕಳಿಸಿದ.

ಈಗ ದಿನಾ ಮುಂಜಾನೆ ಚಹಾಕ್ಕೆ ಮೊದಲು ಆ ಮೂಲೆಗೆ ಹೋಗಿ ಮುಖ ತೊಳೆಯುತ್ತೇನೆ. ಅಂಗಳ ಕೆಸರಾಗುತ್ತದೆ. ಕಟ್ಟೆಯ ಮೇಲಿಂದ ಅಲ್ಲವ್ವ ಒದರುತ್ತಾಳೆ, "ಬಚ್ಚಲ ಇಲ್ಲೇನ ನಿನಗ?"

ನಾನು ಕೇಳಿಸದವಳ ಹಾಗೆ ಇನ್ನೊಂದು ತಂಬಿಗೆ ಸುರಿಯುತ್ತೇನೆ.