ಏಳನೇ ಕಕ್ಷೆಗೆ ಅತ್ತೆಯ ಅಂಕ

“ಈ ಸಲ ‘ಏಳನೇ ಕಕ್ಷೆ’ಯನ್ನ ನಾನು ಸುಮ್ನೆ ಬಿಡೋದಿಲ್ಲ! ಎಂಟು ಕಂತು, ಎಂಟು ವಿಮರ್ಶೆ. ಕಥೆ ಬರೆದವರೇ ಓದಿ, ‘ಅಯ್ಯೋ, ನಾವು ಇಷ್ಟೆಲ್ಲ ಯೋಚನೆ ಮಾಡಿದ್ವಾ?’ ಅಂತ ಬೆಚ್ಚಿಬೀಳ್ಬೇಕು!”

ಶನಿವಾರ ಬೆಳಗ್ಗೆ ಹಲ್ಲುಜ್ಜುತ್ತಲೇ ಇನ್‌ಸ್ಪೆಕ್ಟರು ಹೀಗೆ ಗರ್ಜಿಸಿದಾಗ ಪೇಸ್ಟಿನ ನೊರೆ ಚಿಮ್ಮಿ, ಬಚ್ಚಲುಮನೆಯ ಕನ್ನಡಿಯ ಮೇಲೆ ಒಂದು ಪುಟ್ಟ ನಕ್ಷತ್ರಮಂಡಲವೇ ಮೂಡಿತು.

“ಮೊದಲು ಕನ್ನಡಿ ಒರೆಸಿ. ಆಮೇಲೆ ಬ್ರಹ್ಮಾಂಡ,” ಎಂದಳು ಹೆಂಡತಿ.

ಇನ್‌ಸ್ಪೆಕ್ಟರು ಎಂದರೆ ಲಾಠಿಯವರಲ್ಲ, ಲಿಫ್ಟಿನವರು. ಎತ್ತರದ ಕಟ್ಟಡಗಳಿಗೆ ಹೋಗಿ, ಲಿಫ್ಟಿನ ಹಗ್ಗ ನೋಡಿ, ಬಾಗಿಲು ಬಡಿದು, ಇದು ಏರಲು ಯೋಗ್ಯ, ಇದು ಏರಿದರೆ ಇಳಿಯುವುದು ಅನುಮಾನ ಎಂದು ಸಹಿ ಹಾಕುವುದು ಅವರ ಉದ್ಯೋಗ. ವಾರಕ್ಕೆ ಐದು ದಿನ ಜನರನ್ನು ಹತ್ತನೇ ಮಹಡಿಗೆ ಏರಿಸುತ್ತಿದ್ದವರು ಆರನೇ ದಿನ ತಾವೇ ಆಕಾಶಕ್ಕೆ ಏರಿಬಿಡುತ್ತಿದ್ದರು. ಶನಿವಾರ ಸಂಜೆ ಆರಕ್ಕೆ ಸರಿಯಾಗಿ ಟಿವಿಯಲ್ಲಿ ‘ಏಳನೇ ಕಕ್ಷೆ’! ದಾರಿ ತಪ್ಪಿದ ಒಂದು ಆಕಾಶನೌಕೆ, ನಗುವುದನ್ನೇ ಮರೆತ ಅದರ ನಾಯಕ, ಅವನನ್ನು ಸದಾ ಬೈಯುವ ವೈದ್ಯೆ, ಕಂತಿಗೊಂದು ಗ್ರಹ.

ಪ್ರತಿ ಕಂತಿಗೂ ಇನ್‌ಸ್ಪೆಕ್ಟರು ನೋಟುಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ಅಂಕ ಕೊಡುತ್ತಿದ್ದರು. ಕಥೆಗೆ, ವಿಜ್ಞಾನಕ್ಕೆ, ನಟನೆಗೆ, ನೌಕೆಯ ಸದ್ದಿಗೆ. ಹತ್ತಕ್ಕೆ ಏಳು ದಾಟಿಸಿದರೆ ತಮ್ಮ ಕೈಯೇ ಬಿದ್ದುಹೋಗುತ್ತದೆ ಎಂಬಷ್ಟು ಬಿಗಿ. ಆಮೇಲೆ ಅದನ್ನು ಮೊಳಗಟ್ಟಲೆ ಬೆಳೆಸಿ, ನಾನೂರು ಜನರಿದ್ದ ‘ಕಕ್ಷೆ ಬಳಗ’ ಎಂಬ ಫೋನಿನ ಗುಂಪಿಗೆ ಹಾಕುತ್ತಿದ್ದರು. ಬಳಗದಲ್ಲಿ ಅವರಿಗೆ ‘ತೀರ್ಪುಗಾರರು’ ಎಂಬ ಬಿರುದಿತ್ತು. ಬಿರುದು ಕೊಟ್ಟವರೂ ಅವರೇ ಎಂಬುದು ಬೇರೆ ಮಾತು. ಒಬ್ಬ ಓದುಗರಾದರೂ ಖಾತ್ರಿ ಇರಲಿ ಎಂದು ಹೆಂಡತಿಯನ್ನೂ ಆ ಗುಂಪಿಗೆ ಸೇರಿಸಿದ್ದರು. ಮನೆಗೆ ಬೆಂಕಿ ಬಿದ್ದದ್ದು ಅಲ್ಲಿಂದಲೇ!

ಆ ವಾರವೇ ಅತ್ತೆ ಬಂದಿಳಿದಿದ್ದರು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ದರ್ಜಿ ಅವರು. ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದರು, ಎಡಗಣ್ಣಿನದು ಇನ್ನೂ ಬಾಕಿ. ಎರಡು ತಿಂಗಳು ಸೂಜಿ ಮುಟ್ಟಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದವರು ಆರು ಗಂಟೆಗೆ ಬಂದು ಸೋಫಾದ ತುದಿಯಲ್ಲಿ ಕೂತರು.

“ಅತ್ತೆ, ಇದು ನಿಮಗೆ ಅರ್ಥ ಆಗೋದು ಕಷ್ಟ. ಸ್ವಲ್ಪ ವಿಜ್ಞಾನ ಇದೆ,” ಎಂದರು ಇನ್‌ಸ್ಪೆಕ್ಟರು, ದೊಡ್ಡ ಮನಸ್ಸು ಮಾಡಿ.

“ಇರ್ಲಿ ಅಳಿಯಂದ್ರೇ. ಬಟ್ಟೆ ನೋಡ್ತೀನಿ.”

ಅರ್ಧ ಗಂಟೆ ಕಳೆಯಿತು. ನೌಕೆ ಉಲ್ಕೆಗಳ ನಡುವೆ ನುಗ್ಗುತ್ತಿತ್ತು. ಇನ್‌ಸ್ಪೆಕ್ಟರು ಉಸಿರು ಬಿಗಿಹಿಡಿದಿದ್ದರು. ಅತ್ತೆ ಮೆಲ್ಲಗೆ ಅಂದರು: “ಪಾಪ, ಪ್ಯಾಂಟು ಅಷ್ಟು ಬಿಗಿಯಾಗಿ ಹೊಲಿದ್ರೆ ಕೂತ್ಕೊಳ್ಳೋದು ಹೇಗೆ? ಅದಕ್ಕೇ ನೋಡಿ, ಕುರ್ಚಿ ಖಾಲಿ ಇದ್ರೂ ಎಲ್ಲರೂ ನಿಂತ್ಕೊಂಡೇ ಹಾರಿಸ್ತಾ ಇದಾರೆ. ಹತ್ತಕ್ಕೆ ಐದು.”

ಹೆಂಡತಿ ಬಿದ್ದು ಬಿದ್ದು ನಕ್ಕಳು. ನಕ್ಕರೆ ಸಾಲದೆ, ಗಂಡನ ವಿಮರ್ಶೆಯ ಕೆಳಗೆ ‘ನಮ್ಮಮ್ಮ ಹೀಗಂದ್ರು’ ಎಂದು ಬರೆದೂಬಿಟ್ಟಳು.

ಮರುದಿನ ಬೆಳಗ್ಗೆ ಇನ್‌ಸ್ಪೆಕ್ಟರು ಫೋನು ತೆಗೆದರು. ಅವರ ನಾಲ್ಕು ಪುಟದ ವಿಮರ್ಶೆಗೆ ಒಂಬತ್ತು ಮೆಚ್ಚುಗೆ. ಅದರಲ್ಲೊಂದು ಅವರದೇ. ಅತ್ತೆಯ ಎರಡು ಸಾಲಿಗೆ ನೂರಾ ಎಂಬತ್ತು!

“ಜನಕ್ಕೆ ಹಗುರ ಮಾತೇ ಇಷ್ಟ,” ಎಂದರು, ಆಗಷ್ಟೇ ಕುಡಿದ ಕಾಫಿಯನ್ನು ಮತ್ತೊಮ್ಮೆ ಕುಡಿಯಲು ಖಾಲಿ ಲೋಟ ಎತ್ತುತ್ತಾ.

ಎರಡನೇ ಶನಿವಾರ ನೌಕೆ ಯಾವುದೋ ಹಸಿರು ಗ್ರಹಕ್ಕೆ ಇಳಿಯಿತು. ಅಲ್ಲಿನ ರಾಣಿ ನೆಲ ಗುಡಿಸುವಂಥ ನಿಲುವಂಗಿ ತೊಟ್ಟು ಬಂದಳು. ಇನ್‌ಸ್ಪೆಕ್ಟರು ‘ಭವ್ಯ’ ಎಂದು ಬರೆದುಕೊಂಡರು. ಅತ್ತೆ ಅಂದರು: “ಅಯ್ಯೋ, ಇದು ಹೋದ ವಾರ ಆ ನಾಯಕನ ರೂಮಿನ ಕಿಟಕಿಗೆ ಹಾಕಿದ್ದ ಪರದೆ ಅಲ್ವಾ? ಅಂಚಿನ ಮಡಿಕೆ ಕೂಡ ಬಿಚ್ಚಿಲ್ಲ.” ಬಳಗದ ಯಾರೋ ಹುಡುಕಾಡಿ ಎರಡೂ ಚಿತ್ರ ಪಕ್ಕಪಕ್ಕ ಹಾಕಿದರು. ಅದೇ ಬಟ್ಟೆ! ಅದೇ ಮಡಿಕೆ! ಇನ್ನೂರ ಎಪ್ಪತ್ತು ಮೆಚ್ಚುಗೆ! ಇನ್‌ಸ್ಪೆಕ್ಟರ ಹೊಟ್ಟೆಯಲ್ಲಿ ಹೊತ್ತಿಕೊಂಡ ಕಿಚ್ಚಿಗೆ ನಿಜವಾದ ರಾಕೆಟ್ಟೇ ಮೇಲೇರಬಹುದಿತ್ತು.

ಆದರೂ ತಡೆದುಕೊಂಡರು. ತಡೆದುಕೊಳ್ಳಲಾಗದ್ದು ನಾಲ್ಕನೇ ಕಂತಿನಲ್ಲಿ ಆಯಿತು.

“ಅಳಿಯಂದ್ರೇ, ಇವನು ಅವನಲ್ಲ,” ಎಂದರು ಅತ್ತೆ ತಟ್ಟನೆ.

“ಯಾರು?”

“ನಾಯಕ. ಇಷ್ಟು ದಿನ ಕೋಟಿನ ಎಡಭಾಗ ಮೇಲೆ ಬರ್ತಿತ್ತು. ಇವತ್ತು ಬಲಭಾಗ ಮೇಲೆ ಬಂದಿದೆ, ಗುಂಡಿ ಎಲ್ಲ ಉಲ್ಟಾ. ಇದು ಕನ್ನಡಿಯೊಳಗಿನ ಮನುಷ್ಯ.”

ಇನ್‌ಸ್ಪೆಕ್ಟರು ಮಗುವಿಗೆ ಹೇಳುವಂತೆ ನಕ್ಕರು. “ಅತ್ತೆ, ಅದು ಬಟ್ಟೆ ವಿಭಾಗದವರ ಬೇಜವಾಬ್ದಾರಿ. ಇದಕ್ಕೆ ನಾನು ಅರ್ಧ ಅಂಕ ಕಡಿತಗೊಳಿಸ್ತೀನಿ.” ಕಡಿತಗೊಳಿಸಿದ್ದಷ್ಟೇ ಅಲ್ಲ, ‘ಗುಂಡಿಯಲ್ಲಿ ಗುಟ್ಟು ಹುಡುಕುವ ಮುಗ್ಧರಿಗೆ ಒಂದು ಕಿವಿಮಾತು’ ಎಂದು ಉದ್ದನೆಯ ಲೇಖನವನ್ನೂ ಬರೆದು ಹಾಕಿದರು.

ಐದನೇ ಕಂತಿನ ಮೊದಲ ದೃಶ್ಯದಲ್ಲೇ ನಿಜವಾದ ನಾಯಕ ನೌಕೆಯ ನೆಲಮಾಳಿಗೆಯಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದ! ಮೇಲೆ ಓಡಾಡುತ್ತಿದ್ದವನು ಯಾವುದೋ ಕನ್ನಡಿ ಲೋಕದಿಂದ ಬಂದ ನಕಲಿ!

ಗುಂಡಿ ಕಂಡದ್ದು ಅತ್ತೆಗೆ, ಒಡೆದದ್ದು ಅಳಿಯನ ಗುಂಡಿಗೆ. ಬಳಗವೇ ಹುಚ್ಚೆದ್ದು ಕುಣಿಯಿತು. ‘ಒಂದೇ ಕಣ್ಣಲ್ಲಿ ಕಂಡರಂತೆ!’ ‘ತೀರ್ಪುಗಾರರಿಗೆ ಎರಡು ಕಣ್ಣಿದೆಯಂತೆ!’ ಗುಂಪಿನ ನೆತ್ತಿಯ ಮೇಲೆ ಸದಾ ಮೆರೆಯುತ್ತಿದ್ದ ಇನ್‌ಸ್ಪೆಕ್ಟರ ವಿಮರ್ಶೆಯನ್ನು ಕೆಳಗಿಳಿಸಿ ಅಲ್ಲಿ ಅತ್ತೆಯ ಮಾತು ಏರಿಸಿದರು. ಲಿಫ್ಟಿನವರಿಗೆ ಇದಕ್ಕಿಂತ ಅವಮಾನ ಉಂಟೆ?

ಸೋಮವಾರ ಆಫೀಸಿನಲ್ಲಿ, ಹನ್ನೊಂದು ವರ್ಷದಿಂದ ನಮಸ್ಕಾರಕ್ಕೂ ತಲೆ ಎತ್ತದ ಗುಮಾಸ್ತರು ಕುರ್ಚಿಯಿಂದ ಎದ್ದು ಬಂದರು. ಇನ್‌ಸ್ಪೆಕ್ಟರು ಎದೆ ಸೆಟೆಸಿದರು. “ಸಾರ್, ಮುಂದಿನ ಕಂತಿನ ಬಗ್ಗೆ...” ಎಂದರು ಗುಮಾಸ್ತರು ಪಿಸುದನಿಯಲ್ಲಿ, “ನಿಮ್ಮತ್ತೆ ಏನಂತಾರೆ?”

ಅಂದು ಇನ್‌ಸ್ಪೆಕ್ಟರು ಮೂರು ಒಳ್ಳೆಯ ಲಿಫ್ಟುಗಳಿಗೆ ‘ಅನರ್ಹ’ ಎಂದು ಷರಾ ಬರೆದರು.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ, ಆದರೆ ಉಪಾಯವಿದೆ. ಎಂಟನೇ ಕಂತು, ಅಂದರೆ ಕೊನೆಯದು, ಅತ್ತೆಯ ಕಣ್ಣಿಗೆ ಬೀಳಲೇಬಾರದು! ಅತ್ತೆಯ ಕಣ್ಣಿನ ತಪಾಸಣೆ ಹೇಗೂ ಬಾಕಿಯಿತ್ತು. ಇನ್‌ಸ್ಪೆಕ್ಟರು ಕಣ್ಣಾಸ್ಪತ್ರೆಗೆ ಫೋನು ಮಾಡಿದರು. ಶನಿವಾರ ಸಂಜೆ ಐದೂಮುಕ್ಕಾಲಿಗೆ ಸಮಯ ಗೊತ್ತುಮಾಡಿದರು.

“ಶನಿವಾರವೇ ಯಾಕ್ರೀ?” ಹೆಂಡತಿ ಹುಬ್ಬೇರಿಸಿದಳು.

“ಕಣ್ಣಿನ ವಿಷಯ ಕಣೆ! ಒಂದು ದಿನವೂ ತಡ ಮಾಡಬಾರದು. ನೀನು ಕರ್ಕೊಂಡು ಹೋಗು.”

“ನಾನಾ? ಶನಿವಾರ ನನಗೆ ಔಷಧಿ ಅಂಗಡೀಲಿ ಸಂಜೆ ಪಾಳಿ. ಇಷ್ಟು ಕಾಳಜಿ ಇರೋರು ನೀವೇ ಕರ್ಕೊಂಡು ಹೋಗಿ.”

ತಾವು ತೋಡಿದ ಗುಂಡಿ ಇಷ್ಟು ಹತ್ತಿರದಲ್ಲೇ ಇರುತ್ತದೆಂದು ಇನ್‌ಸ್ಪೆಕ್ಟರು ಎಣಿಸಿರಲಿಲ್ಲ. ಆದರೆ ಮರುಕ್ಷಣವೇ ಅವರ ಮುಖ ಅರಳಿತು. ಆಸ್ಪತ್ರೆಯ ಹಜಾರದ ಗೋಡೆಯ ಮೇಲೆ ದೊಡ್ಡದೊಂದು ಟಿವಿ ಇದೆಯಲ್ಲ! ಅತ್ತೆಯ ಕಣ್ಣಿಗೆ ಔಷಧಿ ಹಾಕಿ ಅರ್ಧ ಗಂಟೆ ಮುಚ್ಚಿ ಕೂರಿಸುತ್ತಾರೆ. ಅತ್ತೆ ಕಣ್ಣು ಮುಚ್ಚಲಿ, ಅಳಿಯ ಕಣ್ಣು ತೆರೆಯಲಿ!

ಶನಿವಾರ ಬಂತು. ಹಜಾರದಲ್ಲಿ ಎಂಟು ಹತ್ತು ಜನ ಕಣ್ಣು ಮುಚ್ಚಿಕೊಂಡು ಧ್ಯಾನಕ್ಕೆ ಕೂತವರಂತೆ ಸಾಲಾಗಿ ಕೂತಿದ್ದರು. ಇನ್‌ಸ್ಪೆಕ್ಟರು ಟಿವಿಗೆ ನೇರವಾಗಿ ಜಾಗ ಹಿಡಿದು, ಅಲ್ಲಿದ್ದ ಹುಡುಗಿಯನ್ನು ಕೇಳಿ ಚಾನೆಲ್ಲು ಹಾಕಿಸಿಕೊಂಡರು. ಆರು ಹೊಡೆಯಿತು. ಶುರುವಿನ ಸಂಗೀತ ಮೊಳಗಿತು. ಯಾರೋ ಅವರ ಹೆಸರು ಕೂಗಿದಂತಾಯಿತು. ಟಿವಿಯಿಂದ ಕಣ್ಣು ಕೀಳದೆ “ಹ್ಞೂ ಹ್ಞೂ” ಎಂದರು.

“ತಲೆ ಮೇಲಕ್ಕೆತ್ತಿ.”

ಟಿವಿ ಚೆನ್ನಾಗಿ ಕಾಣಲಿ ಎಂದಿರಬೇಕೆಂದುಕೊಂಡು ಎತ್ತಿದರು. ತಣ್ಣಗೆ ಒಂದು ಹನಿ ಈ ಕಣ್ಣಿಗೆ, ಒಂದು ಹನಿ ಆ ಕಣ್ಣಿಗೆ!

“ಅಯ್ಯಯ್ಯೋ! ನನಗಲ್ಲ! ಅತ್ತೆಗೆ! ಅತ್ತೆಗೆ!”

“ಫೋನಲ್ಲಿ ನಿಮ್ಮ ಹೆಸರೇ ಕೊಟ್ಟಿದೀರಲ್ಲ ಸಾರ್,” ಎಂದಳು ಕೈಯಲ್ಲಿ ಸೀಸೆ ಹಿಡಿದಿದ್ದ ನರ್ಸ್. “ಅತ್ತೆ ಹೆಸರು ನಮ್ಮಲ್ಲಿ ಬರೆದೇ ಇಲ್ಲ. ಹೋಗ್ಲಿ ಬಿಡಿ, ಬಂದದ್ದು ಬಂದ್ರಿ, ನಿಮ್ಮದನ್ನೂ ನೋಡಿಬಿಡೋಣ. ಅವರನ್ನ ಆಮೇಲೆ ಕರೀತೀನಿ. ಈಗ ಅರ್ಧ ಗಂಟೆ ಕಣ್ಣು ಮುಚ್ಕೊಂಡಿರಿ.”

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರ ಕಣ್ಣಿಗೆ ಬಿದ್ದದ್ದು ಈ ಎಣ್ಣೆ! ಒಂದು ಕಣ್ಣು ಬಲವಂತವಾಗಿ ತೆರೆದು ನೋಡಿದರು. ಕಣ್ಣು ಚುರುಗುಟ್ಟಿ ನೀರಾಡಿತು. ನಾಯಕನೂ ವೈದ್ಯೆಯೂ ನೌಕೆಯೂ ಕಲಸಿಹೋಗಿ ಹಿಟ್ಟಿನ ಮುದ್ದೆಯಂತೆ ಕಂಡರು. ಪಕ್ಕದಲ್ಲಿ ಅತ್ತೆ ಮಾತ್ರ ಕೈಕಟ್ಟಿ, ಹೊಸ ಬಲಗಣ್ಣು ಅಗಲಿಸಿ ಕೂತಿದ್ದರು.

“ಅತ್ತೆ...” ಐದು ನಿಮಿಷ ಹಲ್ಲುಕಚ್ಚಿ ಕೂತಿದ್ದು, ಕೊನೆಗೆ ಇನ್‌ಸ್ಪೆಕ್ಟರು ಬಾಯಿಬಿಟ್ಟರು. “ಏನಾಗ್ತಿದೆ?”

“ಇಬ್ಬರು ನಾಯಕರೂ ಎದುರುಬದುರು ನಿಂತಿದಾರೆ. ಇಬ್ಬರದೂ ಒಂದೇ ಥರ ಕೋಟು, ಗುಂಡಿನೂ ಒಂದೇ ಕಡೆ. ನಕಲಿಯವನು ಹುಷಾರಾಗಿದಾನೆ. ವೈದ್ಯೆ ಕೈಲಿ ಪಿಸ್ತೂಲು. ಯಾರಿಗೆ ಹೊಡೀಬೇಕು ಅಂತ ಅವಳಿಗೆ ತಿಳೀತಾ ಇಲ್ಲ.”

ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದವರೆಲ್ಲ ಈ ಕಡೆ ಕಿವಿ ಆನಿಸಿದರು. “ಸ್ವಲ್ಪ ಜೋರಾಗಿ ಹೇಳಿ ತಾಯಿ,” ಎಂದಿತು ಒಂದು ಮುದಿದನಿ.

ಇನ್‌ಸ್ಪೆಕ್ಟರ ತಲೆಯಲ್ಲಿ ಮಿಂಚು ಹೊಳೆಯಿತು. ಅತ್ತೆ ಹೇಳಿದ್ದನ್ನೆಲ್ಲ ಫೋನಿನಲ್ಲಿ ಗುಟ್ಟಾಗಿ ರೆಕಾರ್ಡು ಮಾಡಿಕೊಂಡು, ಆಮೇಲೆ ತಮ್ಮ ಮಾತಿನಲ್ಲಿ ಬರೆದುಬಿಟ್ಟರೆ? ಕಳ್ಳತನ ಹೌದು, ಆದರೆ ಮನೆಯೊಳಗಿನದು! ತಡಕಾಡಿ ಯಾವುದೋ ಗುಂಡಿ ಒತ್ತಿ, ಫೋನನ್ನು ಮಡಿಲಲ್ಲಿ ಅಡಗಿಸಿಟ್ಟುಕೊಂಡರು.

ಅಳಿಯ “ಆಮೇಲೆ? ಆಮೇಲೆ?” ಎಂದಂತೆಲ್ಲ ಅತ್ತೆ ಹೇಳುತ್ತಾ ಹೋದರು. ಅಸಲಿ ನಾಯಕನ ಎರಡನೇ ಗುಂಡಿಯನ್ನು ಬಿಳಿ ದಾರದಲ್ಲಿ ಹೊಲಿದಿದೆ, ಮಿಕ್ಕಿದ್ದೆಲ್ಲ ಕಪ್ಪು ದಾರ. ಅದು ಹಿಂದಿನ ಯಾವುದೋ ಕಂತಿನಲ್ಲಿ ಕಿತ್ತುಬಂದಾಗ ವೈದ್ಯೆಯೇ ಗಾಯ ಹೊಲಿಯುವ ದಾರದಲ್ಲಿ ಹಾಕಿಕೊಟ್ಟದ್ದು. ಅವಳ ಕಣ್ಣು ಈಗ ಅಲ್ಲಿಗೇ ಹೋಗಿದೆ. ನಕಲಿ ಕುಸಿದ. ಆದರೆ ಸಾಯುವ ಮುಂಚೆ ನೌಕೆಯ ಬಾಗಿಲು ಮುರಿದಿದ್ದಾನೆ. ಅದನ್ನು ಹೊರಗಿನಿಂದಲೇ ಮುಚ್ಚಬೇಕು. ಮುಚ್ಚಿದವನು ಒಳಗೆ ಬರುವಂತಿಲ್ಲ. ಅಸಲಿ ನಾಯಕ ಹೊರಗೆ ಹೋದ. ಗಾಜಿನಾಚೆ ನಿಂತ. ಅವಳು ಈಚೆ.

“ಏನೂ ಮಾತಾಡ್ತಾ ಇಲ್ಲ. ಆ ಗುಂಡಿ ಮುಟ್ಕೊಂಡ, ಅಷ್ಟೇ. ಈಗ... ಈಗ ನಗ್ತಾ ಇದಾನೆ. ಅವನು ನಕ್ಕಿದ್ದನ್ನ ಇದೇ ಮೊದಲು ನೋಡ್ತಿರೋದು.”

ಇನ್‌ಸ್ಪೆಕ್ಟರ ಮುಚ್ಚಿದ ಕಣ್ಣುಗಳಿಂದ ಧಾರೆಧಾರೆಯಾಗಿ ನೀರು ಇಳಿಯಿತು.

“ಅಳಬೇಡಿ! ಔಷಧಿ ತೊಳೆದು ಹೋಗುತ್ತೆ!” ಎಂದು ಗದರಿದ ನರ್ಸ್ ಇನ್ನೆರಡು ಹನಿ ಬಿಟ್ಟಳು.

“ಹತ್ತಕ್ಕೆ ಒಂಬತ್ತೂವರೆ,” ಎಂದರು ಅತ್ತೆ ಕೊನೆಗೆ. “ಗುಂಡಿ ಚೂರು ಸಡಿಲ ಇತ್ತು. ಅರ್ಧ ಕಮ್ಮಿ.”

ಒಳಗೆ ಡಾಕ್ಟರು ಇಬ್ಬರನ್ನೂ ನೋಡಿದರು. ಅತ್ತೆಯ ಕಣ್ಣು ಬಹಳ ಚೆನ್ನಾಗಿದೆ ಎಂದರು. ಅಳಿಯನಿಗೆ ಹೊಸ ಕನ್ನಡಕ ಬರೆದುಕೊಟ್ಟರು.

ಆಸ್ಪತ್ರೆಯಿಂದ ಮನೆಗೆ ಎರಡೇ ಬೀದಿ. ಬೀದಿದೀಪಗಳು ಒಂದೊಂದೂ ಸೂರ್ಯನಂತೆ ಉರಿಯುತ್ತಿದ್ದವು. ಕಣ್ಣು ತೋರಿಸಲು ಬಂದವರು ಕೈ ಹಿಡಿದು ನಡೆಸುತ್ತಿದ್ದರು, ಕರೆತಂದವರು ತಡವರಿಸುತ್ತಿದ್ದರು.

“ಮೆಟ್ಟಿಲು ಇದೆ, ನಿಧಾನ,” ಎಂದರು ಅತ್ತೆ. ಸ್ವಲ್ಪ ದೂರ ಹೋದಮೇಲೆ, “ಶನಿವಾರ ಸಂಜೆಯೇ ಯಾಕೆ ಗೊತ್ತುಮಾಡಿದ್ರಿ ಅಂತ ನನಗೆ ಗೊತ್ತು.”

ಇನ್‌ಸ್ಪೆಕ್ಟರ ಹೆಜ್ಜೆ ನಿಂತಿತು. “ಅತ್ತೆ, ಅದು...”

“ಒಂದೇ ಕಣ್ಣಲ್ಲಿ ಗುಂಡಿ ನೋಡಿದವಳು, ಅಳಿಯನ ಮುಖ ನೋಡಲ್ವಾ? ಹೇಳಿದ್ರೆ ನಾನೇ ಸುಮ್ನೆ ಇರ್ತಿದ್ದೆ. ಬರೆದು ಹಾಕಿದ್ದಕ್ಕೆ ನನ್ನ ಮಗಳನ್ನ ನಾನೇ ಬೈಬೇಕಿತ್ತು,” ಎಂದವರು ಅಳಿಯನ ಕೈ ಎಳೆದರು. “ಬನ್ನಿ, ಬನ್ನಿ, ಸೈಕಲ್ಲು ಬರ್ತಿದೆ.”

ಇನ್‌ಸ್ಪೆಕ್ಟರಿಗೆ ನೆಲವೇ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಎನ್ನಿಸಿತು. ಅಲ್ಲೇ, ಆ ಬೀದಿಯಲ್ಲೇ, ಮನಸ್ಸಿನಲ್ಲಿ ತೀರ್ಮಾನಿಸಿದರು: ಈ ವಾರ ಒಂದು ಅಕ್ಷರವನ್ನೂ ಕದ್ದು ಬರೆಯುವುದಿಲ್ಲ. ಫೋನಿನಲ್ಲಿ ತುಂಬಿಕೊಂಡದ್ದನ್ನು ಮನೆಗೆ ಹೋದೊಡನೆ ಅಳಿಸಿಬಿಡುವುದು.

ಆದರೆ ಮನೆ ಬಾಗಿಲಲ್ಲೇ, ಆಗಷ್ಟೇ ಕೆಲಸ ಮುಗಿಸಿ ಬಂದ ಹೆಂಡತಿ ಫೋನು ಹಿಡಿದು ನಿಂತಿದ್ದಳು. ನಕ್ಕು ನಕ್ಕು ಅವಳ ಕಣ್ಣಲ್ಲೂ ನೀರು.

“ಏನ್ರೀ ಇದು! ಅಮ್ಮನ ಮಾತನ್ನ ನೀವೇ ಬಳಗಕ್ಕೆ ಕಳಿಸಿದೀರಾ? ಪೂರ್ತಿ ಕಂತು! ಮುನ್ನೂರ ತೊಂಬತ್ತು ಮೆಚ್ಚುಗೆ! ನಿಮ್ಮ ಮನಸ್ಸು ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ!”

ಕಣ್ಣು ಕಾಣದೆ ಒತ್ತಿದ ಗುಂಡಿ ಯಾವುದೆಂದು ಇನ್‌ಸ್ಪೆಕ್ಟರಿಗೆ ಆಗ ತಿಳಿಯಿತು. ಸೋಫಾವನ್ನು ತಡವಿಕೊಂಡು ಕೂತರು.

“ನನ್ನ... ನನ್ನ ಬಗ್ಗೆ ಯಾರಾದ್ರೂ ಏನಾದ್ರೂ ಬರೆದಿದಾರಾ?” ಎಂದು ಕೇಳಿದರು, ಕ್ಷೀಣ ಸ್ವರದಲ್ಲಿ.

“ಬರೆದಿದಾರೆ, ಬರೆದಿದಾರೆ! ಎಲ್ಲರೂ ಅದನ್ನೇ ಕೇಳ್ತಿದಾರೆ. ಓದ್ಲಾ? ‘ಮಧ್ಯ ಮಧ್ಯ ಅಳ್ತಾ ಅಳ್ತಾ, ಆಮೇಲೆ? ಆಮೇಲೇನಾಯ್ತು ಅತ್ತೆ? ಅಂತ ಕೇಳೋ ಆ ಮಗು ಯಾರದು? ಬಹಳ ಮುದ್ದಾಗಿದೆ. ಅದಕ್ಕೆ ಹತ್ತಕ್ಕೆ ಹತ್ತು!’” ಹೆಂಡತಿ ಉಸಿರು ಎಳೆದುಕೊಂಡಳು. “ಏನಂತ ಬರೀಲಿ ರೀ? ತೀರ್ಪುಗಾರರು ಅಂತ ಹೇಳ್ಬಿಡ್ಲಾ?”

ಇನ್‌ಸ್ಪೆಕ್ಟರು ಊದಿಕೊಂಡ ಕಣ್ಣುಗಳನ್ನು ಕರವಸ್ತ್ರದಿಂದ ಒತ್ತಿಕೊಂಡರು.

“ಬೇಡ ಕಣೆ,” ಎಂದರು. “ಮಗು ಅಂತಲೇ ಇರಲಿ!”